ನಡುಗುವ ಪ್ಲೇನರಿಗೆ ಒಂದು ಬೂತಾಯಿ ಮದ್ದು

ಮನುಷ್ಯ ನಡುಗಿದರೆ ಚಳಿಜ್ವರ ಎನ್ನುತ್ತಾರೆ, ದೈವದ ಪಾತ್ರಿ ನಡುಗಿದರೆ ದರ್ಶನ ಎನ್ನುತ್ತಾರೆ, ಮಿಷನ್ ನಡುಗಿದರೆ ನನಗೆ ಹೇಳಿ ಕಳಿಸುತ್ತಾರೆ. ನಾನು ಹೋದ ಕಡೆಯೆಲ್ಲ ಏನಾದರೊಂದು ಎಡವಟ್ಟು ಆಗದೆ ಇದ್ದದ್ದೇ ಇಲ್ಲ. ಜಾತಕದಲ್ಲೇ ಹಾಗೆ ಬರೆದಿರಬೇಕು.

ಎಪ್ಪತ್ತರ ದಶಕದ ಕೊನೆಯ ಮಾತು. ಮಂಗಳೂರಿನಲ್ಲಿ ಮರ ಕೊಯ್ಯುವ, ಕೀಸುವ ಮಿಷನ್‌ಗಳ ರಿಪೇರಿ ನನ್ನ ಕಸುಬು. ಮಿಷನ್ನಿನ ನಡುಕ ಅಳೆಯುವ ಮೀಟರು ಪರದೇಶದಲ್ಲಿ ಸಿಗುತ್ತದೆಂದು ಕೇಳಿದ್ದೆ, ಕಣ್ಣಲ್ಲಿ ಕಂಡಿರಲಿಲ್ಲ. ಅದರ ಕ್ರಯ ಹೇಳಿದರೆ ಮಿಷನ್ನಿಗಿಂತ ಜೋರಾಗಿ ಮಾಲಕರು ನಡುಗುತ್ತಿದ್ದರು. ಆದ್ದರಿಂದ ನನ್ನ ಸಲಕರಣೆಗಳೆಲ್ಲ ಮನೆಯ ಅಟ್ಟದಲ್ಲೋ ಅಡುಗೆಮನೆಯಲ್ಲೋ ಸಿಗುವಂಥವು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಉರ್ವದಲ್ಲೊಂದು ಪೀಠೋಪಕರಣದ ಕಾರ್ಖಾನೆ. ಅಲ್ಲಿ ಹಲಗೆ ನಯ ಮಾಡುವ ಹಳೆಯ ಪ್ಲೇನರ್ ಒಂದು ಗಡಗಡ ನಡುಗುತ್ತಿತ್ತು. ನುಣ್ಣಗೆ ಬರಬೇಕಾದ ಹಲಗೆ ಅಲೆ ಅಲೆಯಾಗಿ ಬರುತ್ತಿತ್ತು. ಧಣಿಗಳು ನನ್ನನ್ನು ಕರೆಸಿ ಹೇಳಿದರು: "ನೋಡು ಮಾರಾಯ, ಹದಿನೈದು ದಿನ ಬಿಟ್ಟು ಗುಜರಿಯವ ಬರ್ತಾನೆ. ಅಷ್ಟರೊಳಗೆ ನಡುಕ ನಿಂತರೆ ಮಿಷನ್ ಇರ್ತದೆ. ಇಲ್ಲದಿದ್ದರೆ ತೂಕಕ್ಕೆ ಹೋಗ್ತದೆ."

ಅದನ್ನು ನಡೆಸುತ್ತಿದ್ದ ಅಪರೇಟರು ಉಳ್ಳಾಲದವರು. ತಲೆತಲಾಂತರದಿಂದ ಕಡಲಿಗೆ ಹೋಗುವ ಮನೆತನ. ಇವರೊಬ್ಬರಿಗೆ ಮಾತ್ರ ಬೋಟು ಹತ್ತಿದ ಕೂಡಲೇ ಹೊಟ್ಟೆ ತೊಳಸುವುದು. ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು: "ಹೇಗಾದರೂ ಇದನ್ನು ಉಳಿಸಿ ಮಾರಾಯ್ರೆ. ಇದು ಹೋದರೆ ನಾನು ಪುನಃ ಬೋಟಿಗೆ ಹೋಗಬೇಕು. ಬೋಟಿನಲ್ಲಿ ಎಲ್ಲರೂ ಮೀನು ಹಿಡೀತಾರೆ, ನಾನು ಬದಿ ಹಿಡೀತೇನೆ."

ಇಂಥ ಮಾತು ಕೇಳಿದ ಮೇಲೆ ಕೈಬಿಡುವುದು ಹೇಗೆ?

ಕಿವಿಗೆ ಹಾಕುವ ಕೊಳವೆ

ಬೇರಿಂಗ್ ಸವೆದಿದೆಯೋ ಎಂದು ನೋಡಲು ಒಳಗಿನ ಸದ್ದು ಕೇಳಬೇಕು. ಪರಿಚಯದ ಕಂಪೌಂಡರೊಬ್ಬರು ಬಿಸಾಡಲು ಇಟ್ಟಿದ್ದ ಸ್ಟೆತಾಸ್ಕೋಪನ್ನು ಬೇಡಿ ತಂದೆ. ಅದರ ಬಿಲ್ಲೆ ತೆಗೆದು ಒಂದು ಕಬ್ಬಿಣದ ಸರಳು ಸಿಕ್ಕಿಸಿದರೆ ಆಯಿತು, ಮಿಷನ್ನಿನ ಹೊಟ್ಟೆಯಲ್ಲಿ ಗುಂಡು ಉರುಳುವುದೂ ಕೇಳುತ್ತದೆ.

ನನ್ನ ಮನೆ ಪಡೀಲಿನಲ್ಲಿ. ಸಿಟಿ ಬಸ್ಸಿನಲ್ಲಿ ಹೊರಟವನ ಕೈಚೀಲದಿಂದ ಅದರ ಕೊಳವೆ ಇಣುಕುತ್ತಿತ್ತು. ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮೆಲ್ಲ ಸೀರೆ ಸರಿಸಿ ಮೊಣಕಾಲು ಮುಂದೆ ಚಾಚಿದರು.

"ಡಾಕ್ಟ್ರೇ, ಇದೊಂದು ನೋಡಿ."

"ಅಮ್ಮ, ನಾನು ಡಾಕ್ಟ್ರಲ್ಲ. ನಾನು ನೋಡುವುದು ಮರದ ಕೆಲಸದ್ದು ಮಾತ್ರ."

ಅಜ್ಜಿಯ ಮುಖ ಅರಳಿತು. "ದೇವೆರೇ, ಹಾಗಾದರೆ ನೀವೇ ಆಗಬೇಕು! ಎರಡು ತಿಂಗಳಿಂದ ನನ್ನ ಈ ಕಾಲು ಪೂರಾ ಮರಗಟ್ಟಿ ಹೋಗಿದೆ!"

ನಾನು ಎರಡು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಹೋದೆ. ಬೇರಿಂಗ್ ಮಾತ್ರ ಗಟ್ಟಿಮುಟ್ಟಾಗಿತ್ತು.

ಲೋಟದ ನೀರು

ಹಾಗಾದರೆ ತಳದ ಬೋಲ್ಟು ಸಡಿಲವಾಗಿರಬೇಕು. ಇದಕ್ಕೆ ನನ್ನದೊಂದು ಉಪಾಯ. ಮಿಷನ್ನಿನ ಮೇಲೆ ಒಂದು ಲೋಟ ನೀರು ಇಟ್ಟು ಮಿಷನ್ ಓಡಿಸುವುದು. ನೀರಿನ ಮೇಲೆ ಬಳೆ ಬಳೆಯಾಗಿ ಅಲೆ ಏಳುತ್ತದೆ. ಒಂದೊಂದೇ ಬೋಲ್ಟು ಬಿಗಿ ಮಾಡುತ್ತಾ ಬರಬೇಕು, ಯಾವುದಕ್ಕೆ ಅಲೆ ಕಡಿಮೆಯಾಗುತ್ತದೋ ಅದೇ ಕಳ್ಳ.

ಸ್ಟೀಲಿನ ಲೋಟ ಇಟ್ಟು ನಾನು ಮಿಷನ್ನಿನ ಹಿಂದೆ ಮಂಡಿಯೂರಿ ಕುಳಿತೆ. ಮೂರನೆಯ ಬೋಲ್ಟನ್ನು ಹಲ್ಲು ಕಚ್ಚಿ ತಿರುಗಿಸಿ ಕೂಗಿದೆ: "ಅಲೆ ಉಂಟಾ?"

"ಇಲ್ಲ!" ಎಂದು ಆ ಕಡೆಯಿಂದ ಉತ್ತರ ಬಂತು.

ಗೆದ್ದೆ ಎಂದು ಎದ್ದು ನೋಡಿದರೆ, ಕುರ್ಚಿಗೆ ಆರ್ಡರು ಕೊಡಲು ಬಂದ ಗಿರಾಕಿಯೊಬ್ಬರು ಖಾಲಿ ಲೋಟ ಹಿಡಿದು ಬಾಯಿ ಒರೆಸಿಕೊಳ್ಳುತ್ತಿದ್ದರು. ಬಂದವರಿಗೆ ಮೊದಲು ನೀರು ಬೆಲ್ಲ ಕೊಡುವುದು ನಮ್ಮ ಕಡೆಯ ಮರ್ಯಾದೆ ತಾನೆ.

"ನೀರು ಲಾಯ್ಕ ತಂಪು ಉಂಟು," ಎಂದು ಅವರು ಸುತ್ತಲೂ ಕಣ್ಣಾಡಿಸಿದರು. "ಬೆಲ್ಲ ಯಾವ ಮಿಷನ್ನಿನ ಮೇಲೆ ಇಟ್ಟಿದ್ದೀರಿ?"

ಪೆನ್ಸಿಲಿನ ಗೆರೆ

ಬೋಲ್ಟು ಬಿಗಿಯಾದರೂ ನಡುಕ ಪೂರ್ತಿ ಹೋಗಲಿಲ್ಲ. ಬಾಯಲ್ಲಿ ಹೇಳಿದರೆ ಧಣಿಗಳು ನಂಬುವವರಲ್ಲ. ಮಿಷನ್ನಿಗೆ ಒಂದು ಪೆನ್ಸಿಲ್ ಕಟ್ಟಿ, ಅದರ ಮೊನೆಗೆ ತಾಗುವ ಹಾಗೆ ಉದ್ದದ ಕಾಗದವನ್ನು ಎಳೆದೆ. ಕಾಗದದ ಮೇಲೆ ಏರುತ್ತ ಇಳಿಯುತ್ತ ಚೂಪಾದ ಗೆರೆ ಮೂಡಿತು. ಅದರ ಕೆಳಗೆ ನೀಟಾಗಿ ಬರೆದೆ: "ಎಡಬದಿಯಲ್ಲಿ ನಡುಕ ಜಾಸ್ತಿ. ಬೆಲ್ಟ್ ಸಡಿಲ. ಹೀಗೇ ಬಿಟ್ಟರೆ ಒಂದು ದಿನ ಪಕ್ಕನೆ ನಿಂತುಬಿಡುವ ಸಂಭವ."

ಧಣಿಗಳು ಓದಿ, ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರು. ಅಂಗಿ ಒಗೆಯಲು ತೆಗೆದದ್ದು ಅವರ ತಾಯಿ.

ಮರುದಿನ ಧಣಿಗಳು ಕಾರ್ಖಾನೆಗೆ ಬಂದಾಗ ತಾಯಿಯೂ ಅವರ ತೋಳು ಹಿಡಿದುಕೊಂಡು ಬಂದರು. ಮೆಟ್ಟಿಲು ಹತ್ತಲು ಬಿಡಲಿಲ್ಲ, ಜೋರಾಗಿ ಮಾತಾಡಲು ಬಿಡಲಿಲ್ಲ. ಮೀನು ಬಂದ್, ಕೋಳಿ ಬಂದ್, ಮೂರು ಹೊತ್ತೂ ಗಂಜಿ.

"ಅಮ್ಮಾ, ಅದು ನನ್ನ ಹೃದಯದ್ದಲ್ಲ, ಮಿಷನ್ನಿನದ್ದು!" ಎಂದು ಧಣಿಗಳು ಕೂಗಿದರು.

"ಕಾಯಿಲೆ ಮುಚ್ಚಿಡುವವರು ಹೀಗೆಯೇ ಹೇಳುವುದು ಮಗಾ. ಡಾಕ್ಟ್ರು ಬರೆದದ್ದರಲ್ಲಿ ಎಂತ ಸುಳ್ಳು ಉಂಟು? ಎಡಬದಿ ಅಂತ ಉಂಟು." ತಾಯಿ ಧಣಿಗಳ ಹೊಟ್ಟೆಯ ಕಡೆ ಕೈ ತೋರಿಸಿದರು. "ಬೆಲ್ಟ್ ಸಡಿಲ ಅಂತ ಉಂಟು. ಅದು ಹೊಟ್ಟೆಯಿಂದ ಕೆಳಗೆ ಜಾರುವುದು ನನಗೆ ಕಾಣುವುದಿಲ್ಲವಾ?"

ಧಣಿಗಳು ನನ್ನನ್ನು ನೋಡಿದ ನೋಟಕ್ಕೆ ನನ್ನ ಎಡಬದಿಯಲ್ಲೇ ನಡುಕ ಬಂತು. ಉಳಿದದ್ದು ಐದೇ ದಿನ.

ತೂಕ

ಬೆಲ್ಟ್ ಬಿಗಿ ಮಾಡಿದರೂ ನಡುಕ ಹೋಗಲಿಲ್ಲ. ಕೊನೆಗೂ ನನಗೆ ಹೊಳೆಯಿತು. ಪ್ಲೇನರಿನ ಉರುಳೆಯಲ್ಲಿ ಎದುರು ಬದುರಾಗಿ ಎರಡು ಅಲಗು ಇರುತ್ತವೆ. ಎರಡೂ ಒಂದೇ ತೂಕ ಇರಬೇಕು. ಸಾಣೆ ಹಿಡಿಯುವಾಗ ಒಂದು ಹೆಚ್ಚು ಸವೆದರೆ ತಿರುಗುವಾಗ ನಡುಕ ಬಂದೇ ಬರುತ್ತದೆ. ತೂಗಿ ನೋಡೋಣವೆಂದರೆ ಕಾರ್ಖಾನೆಯಲ್ಲಿ ತಕ್ಕಡಿ ಇಲ್ಲ.

"ನನ್ನ ಅಕ್ಕ ಇಲ್ಲೇ ಮಾರ್ಕೆಟಿನಲ್ಲಿ ಮೀನು ಮಾರ್ತಾಳೆ," ಎಂದರು ಅಪರೇಟರು.

ಹೋದೆವು. ಅಕ್ಕ ಮೀನನ್ನು ಪಾಲು ಹಾಕಿ ಮಾರುವವರು, ತಕ್ಕಡಿಯ ಮುಖವನ್ನೇ ಕಂಡವರಲ್ಲ. ಎರಡು ಅಂಗೈಯಲ್ಲಿ ಎರಡು ಅಲಗು ಹಿಡಿದು, ಕಣ್ಣು ಮುಚ್ಚಿ, ಒಮ್ಮೆ ಮೇಲೆ ಕೆಳಗೆ ಮಾಡಿ, "ಇದು ಒಂದು ಸಣ್ಣ ಬೂತಾಯಿ ಜಾಸ್ತಿ ಉಂಟು," ಎಂದರು.

ನಾನು ನಕ್ಕೆ. ಅಕ್ಕ ನಗಲಿಲ್ಲ. ಬುಟ್ಟಿಯಿಂದ ಒಂದು ಬೂತಾಯಿ ಮೀನು ಆರಿಸಿ ನನ್ನ ಕೈಗೆ ಹಾಕಿದರು. ಎದುರಿನ ದಿನಸಿ ಅಂಗಡಿಯವರನ್ನು ಕಾಡಿ ಬೇಡಿ ತಕ್ಕಡಿಯಲ್ಲಿ ಒಂದು ಕಡೆ ಭಾರದ ಅಲಗು, ಇನ್ನೊಂದು ಕಡೆ ಹಗುರದ ಅಲಗು ಮತ್ತು ಆ ಬೂತಾಯಿ ಇಟ್ಟೆವು. ಮುಳ್ಳು ನಟ್ಟನಡುವೆ ನಿಂತಿತು. ನನ್ನ ಜಂಬ ಅಲ್ಲೇ ಇಳಿಯಿತು.

ಆಮೇಲೆ ಎರಡು ದಿನ ಅದೇ ಕೆಲಸ. ಭಾರದ ಅಲಗನ್ನು ಸಾಣೆಗೆ ಹಿಡಿಯುವುದು, ಮಾರ್ಕೆಟಿಗೆ ಓಡುವುದು. "ಇನ್ನೂ ಅರ್ಧ ಬೂತಾಯಿ ಉಂಟು." ಪುನಃ ಸಾಣೆ. "ಒಂದು ಸಿಗಡಿ." ಪುನಃ ಸಾಣೆ. "ಈಗ ಒಂದು ಒಣ ಸಿಗಡಿ." ಕೊನೆಗೊಮ್ಮೆ ಅಕ್ಕ "ಸಮ" ಎಂದರು. ಕಾರ್ಖಾನೆಗೆ ವಾಪಸು ಬರುವಾಗ ನಮ್ಮ ಹಿಂದೆ ನಾಲ್ಕು ಬೆಕ್ಕುಗಳಿದ್ದವು.

ಧಣಿಗಳಿಗೆ ವರದಿ ಒಪ್ಪಿಸಿದೆ: "ಧಣಿಗಳೇ, ತಪ್ಪು ಸಿಕ್ಕಿತು. ಒಂದು ಬೂತಾಯಿ."

ನಾಲ್ಕು ದಿನದಿಂದ ಗಂಜಿ ಕುಡಿಯುತ್ತಿದ್ದ ಧಣಿಗಳು ಕಣ್ಣು ಮುಚ್ಚಿಕೊಂಡರು. "ಮಿಷನ್ ಹಾಳಾಗಿ ಹೋಗಲಿ," ಎಂದರು. "ಪುಳಿಮುಂಚಿ ಮಾಡಿದ್ದಾ, ಹುರಿದದ್ದಾ?"

ನಿಂತ ನಾಣ್ಯ

ಗುಜರಿಯವರು ಬರುವ ದಿನ ಬೆಳಿಗ್ಗೆ ಪ್ಲೇನರ್ ಹಾಕಿದೆವು. ಹಿತವಾದ ಒಂದೇ ಸಮನೆಯ ಸದ್ದು. ಕೊನೆಯ ಪರೀಕ್ಷೆಗೆ ನಾನು ಒಂದು ರೂಪಾಯಿಯ ನಾಣ್ಯವನ್ನು ಓಡುವ ಮಿಷನ್ನಿನ ಮೂಲೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿದೆ. ನಡುಕವಿದ್ದರೆ ನಾಣ್ಯ ಮಗುಚುತ್ತದೆ. ಇಲ್ಲದಿದ್ದರೆ ನಿಲ್ಲುತ್ತದೆ. ನಿಂತಿತು! ಖುಷಿಯಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಅಪರೇಟರನ್ನು ಕಾವಲಿಟ್ಟು ಧಣಿಗಳನ್ನು ಕರೆಯಲು ಆಫೀಸಿಗೆ ಓಡಿದೆ.

ಧಣಿಗಳಿಗೆ ಬೊಂಬಾಯಿಯ ಟ್ರಂಕ್ ಕಾಲ್ ಬಂದಿತ್ತು. ಅವರು ಕೂಗಿ ಮುಗಿಸುವಾಗ ಮುಕ್ಕಾಲು ಗಂಟೆ. ಆಮೇಲೆ ಧಣಿಗಳು, ಅವರ ತೋಳು ಹಿಡಿದ ತಾಯಿ, ಅಷ್ಟರಲ್ಲಿ ಬಂದು ಸೇರಿದ ಗುಜರಿಯವರು, ಎಲ್ಲರೂ ಮಿಷನ್ನಿನ ಸುತ್ತ ನಿಂತರು. ಪ್ಲೇನರ್ ಓಡುತ್ತಿತ್ತು, ನಾಣ್ಯ ನಿಂತಿತ್ತು. ಧಣಿಗಳ ಬಾಯಿ ತೆರೆದದ್ದು ಹಾಗೇ ಇತ್ತು.

ಮಿಷನ್ ನಿಲ್ಲಿಸಿ, ಗತ್ತಿನಿಂದ ನಾಣ್ಯ ಎತ್ತಲು ಹೋದೆ. ಬರಲಿಲ್ಲ. ಎಳೆದೆ. ಬರಲಿಲ್ಲ. ಧಣಿಗಳು ಎಳೆದರು. ಗುಜರಿಯವರು "ಬಿಡಿ, ಕಬ್ಬಿಣ ಕೀಳುವುದು ನನ್ನ ಕಸುಬು," ಎಂದು ತೋಳು ಮಡಚಿ ಎಳೆದು, ಕೈ ಜಾರಿ, ಮರದ ಹುಡಿಯ ರಾಶಿಯ ಮೇಲೆ ಅಂಗಾತ ಬಿದ್ದರು.

"ಮುಟ್ಟಬೇಡಿ!" ಎಂದು ತಾಯಿ ಕೈ ಮುಗಿದರು. "ದೈವ ಕಾಣಿಕೆ ಸ್ವೀಕಾರ ಮಾಡಿ ಆಗಿದೆ. ಕೊಟ್ಟದ್ದನ್ನು ವಾಪಸು ಎಳೆಯುವುದುಂಟಾ? ಮಗನ ಹೃದಯಕ್ಕೆ ನಾನು ಹರಕೆ ಹೇಳಿದ್ದೆ, ಇದೇ ಉತ್ತರ!"

ಗುಜರಿಯವರು ಹುಡಿಯಿಂದಲೇ ಕೈ ಮುಗಿದರು. "ದೈವದ ಕಾರ್ಣಿಕ ಇರುವ ಮಿಷನ್ ನನಗೆ ಬೇಡ ಧಣಿಗಳೇ," ಎಂದು ಬೆನ್ನು ತೋರಿಸದೆ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಗೇಟು ದಾಟಿದರು. ಧಣಿಗಳು ತಾಯಿಯ ಮುಖ ನೋಡಿ, "ಹಾಗಾದರೆ ನನಗೆ ಗುಣ ಆಯಿತಲ್ಲ, ಇವತ್ತು ಮೀನು ತರಬಹುದಲ್ಲ?" ಎಂದು ಕೇಳಿದರು. ತಾಯಿ ಹೂಂ ಎಂದರು. "ಮಿಷನ್ ಇಲ್ಲೇ ಇರಲಿ," ಎಂದು ಧಣಿಗಳು ಆ ಕ್ಷಣವೇ ತೀರ್ಪು ಕೊಟ್ಟರು.

ನಾನು ಅಪರೇಟರ ಬೆರಳು ನೋಡಿದೆ. ಮರ ಜೋಡಿಸುವ ಅಂಟು ಒಣಗಿ ಬೆಳ್ಳಗೆ ಕಾಣುತ್ತಿತ್ತು. ಹಲಗೆ ರಾಶಿಯ ಹಿಂದೆ ಎಳೆದುಕೊಂಡು ಹೋಗಿ ಹಲ್ಲು ಕಡಿದೆ: "ಎಂತ ಮಾಡಿದ್ದು ನೀವು? ನನ್ನ ಹದಿನೈದು ದಿನದ ಕೆಲಸವನ್ನೆಲ್ಲ ಮೋಸ ಮಾಡಿ ಹಾಕಿದಿರಲ್ಲ! ಮಿಷನ್ ನಿಜವಾಗಿ ಸರಿಯಾಗಿತ್ತು!"

"ಹೆದರಿಕೆ ಆಯಿತು ಮಾರಾಯ್ರೆ. ಎಲ್ಲಿಯಾದರೂ ಬಿದ್ದರೆ ಅಂತ ಬುಡಕ್ಕೆ ಚೂರು ಅಂಟು ಸವರಿ ಪುನಃ ನಿಲ್ಲಿಸಿದೆ," ಎಂದು ಅವರು ತಲೆ ತಗ್ಗಿಸಿದರು. ಮತ್ತೆ ಏನೋ ನೆನಪಾದವರಂತೆ ಮುಖ ಎತ್ತಿದರು. "ಆದರೆ ಆ ಅಂಟು ಹಿಡಿಯಲಿಕ್ಕೆ ಅರ್ಧ ಗಂಟೆ ಬೇಕು. ನಾನು ಆಮೇಲೆ ಕೈ ಸಹ ತಾಗಿಸಲಿಲ್ಲ. ಅಷ್ಟು ಹೊತ್ತು ಓಡುವ ಮಿಷನ್ನಿನ ಮೇಲೆ ಅದನ್ನು ಹಿಡಿದು ನಿಲ್ಲಿಸಿದ್ದು ಯಾರು ಹೇಳಿ?"