ಆಷಾಢ ಹುಟ್ಟುವ ಮೊದಲು ತಂಗಿಯ ಮದುವೆ

ಶಾಸ್ತ್ರ, ಶಕುನ, ಹರಕೆ ಯಾವುದನ್ನೂ ಬಿಡದೆ ನಡೆಸುವ ಮನೆಯಲ್ಲಿ ಹುಟ್ಟಿದವನು ನಾನು. ಈಗಲೂ ನಡೆಸುತ್ತೇನೆ. ಹಾಗೆ ನಡೆಸುವವರ ಮನೆಯಲ್ಲಿ ವರ್ಷಕ್ಕೆ ಒಂದಾದರೂ ನಗೆಯ ಸಂಗತಿ ಆಗದೆ ಇರುವುದಿಲ್ಲ. ದೇವರಿಗೂ ಅದು ಇಷ್ಟವೇ ಇರಬೇಕು ಎಂದುಕೊಂಡಿದ್ದೇನೆ. ಆದರೆ ತಂಗಿಯ ಮದುವೆಯ ಆ ಒಂದು ತಿಂಗಳಲ್ಲಿ ಆದಷ್ಟು ನಮ್ಮ ಮನೆಯಲ್ಲಿ ಮತ್ತೆ ಯಾವತ್ತೂ ಆಗಲಿಲ್ಲ.

ನಮ್ಮದು ವೇಮಗಲ್ ಹತ್ತಿರದ ಹಳ್ಳಿ. ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ. ನನ್ನ ಓದೆಂದರೆ ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿದ್ದು. ಹಿಂದಿನ ವರ್ಷ ಆಷಾಢದಲ್ಲಿ ತಂದೆ ತೀರಿಕೊಂಡರು. ಹಿರಿಯರು ತೀರಿದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಕನ್ಯಾದಾನ ಮಾಡಬೇಕು, ಇಲ್ಲವಾದರೆ ಮೂರು ವರ್ಷ ಮದುವೆಯ ಮಾತೇ ಎತ್ತಬಾರದು. ಇದು ನಮ್ಮ ಕಡೆಯ ಕಟ್ಟುಪಾಡು. ತಂಗಿಗೆ ಆಗಲೇ ಹದಿನೇಳು. ಮೂರು ವರ್ಷ ಕಳೆದರೆ ಇಪ್ಪತ್ತು. ಆ ಕಾಲದಲ್ಲಿ ಇಪ್ಪತ್ತರ ಹೆಣ್ಣನ್ನು ಕೇಳಿಕೊಂಡು ಬರುವವರು ಎರಡನೆ ಸಂಬಂಧದವರೇ. ಅಮ್ಮ ದೇವರ ಮುಂದೆ ದೀಪ ಹಚ್ಚಿ, ಆಮೇಲೆ ತಿರುಗಿ ನನ್ನ ಮುಖ ನೋಡುತ್ತಿದ್ದಳು. ಅದೇ ನನಗೆ ಹೆಚ್ಚು ಕಷ್ಟ.

ಆಷಾಢಕ್ಕೆ ಒಂದು ತಿಂಗಳು ಚಿಲ್ಲರೆ ದಿನ ಉಳಿದಿರುವಾಗ ನಂಗಲಿ ಕಡೆಯಿಂದ ಒಂದು ಸಂಬಂಧದ ಸುದ್ದಿ ಬಂತು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

೧. ಮಾವನ ಒಂಟಿ ಸೀನು

ಹುಡುಗನ ಮನೆ ನೋಡಿಕೊಂಡು ಬರಲು ಹೊರಟೆವು. ಮುಂದಾಳು ನಮ್ಮ ಸೋದರಮಾವ. ಶಕುನದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಒಂಟಿ ಸೀನು ಕೇಳಿದರೆ ಎತ್ತಿದ ಹೆಜ್ಜೆಯನ್ನೂ ಹಿಂದಕ್ಕಿಡುವವರು. ತೊಂದರೆ ಏನೆಂದರೆ, ಅವರಿಗೆ ನಶ್ಯದ ಚಟ.

ನಮ್ಮನ್ನು ಕೋಲಾರದ ಬಸ್ಸಿಗೆ ಮುಟ್ಟಿಸಲು ಜಟಕಾ ಸಾಬರು ಬಾಗಿಲಲ್ಲಿ ಕಾಯುತ್ತಿದ್ದರು. ಮಾವ ಹೊಸಿಲು ದಾಟಿದರು, ಹುರುಪಿಗೆ ಒಂದು ಚಿಟಿಕೆ ಏರಿಸಿದರು. "ಆಕ್ಷೀ!" ಒಂದೇ ಸೀನು.

"ಹಿಂದಕ್ಕೆ ನಡೀರಿ ಎಲ್ಲಾ!" ಎಂದರು.

"ಮಾವ, ಸೀನಿದ್ದು ನೀವೇ ಅಲ್ವಾ?" ಎಂದೆ.

"ಯಾರು ಸೀನಿದ್ರೇನ್ಲಾ? ಸೀನು ಸೀನೇ."

ಒಳಗೆ ಹೋದೆವು. ಕಾಲು ತೊಳೆದು, ನೀರು ಕುಡಿದು, ಚಾಪೆಯ ಮೇಲೆ ಕೂತು, ಎದ್ದು ಮತ್ತೆ ಹೊರಟೆವು. ಅಷ್ಟರಲ್ಲಿ ಮಾವನಿಗೆ ಹೊತ್ತಾಯಿತೆಂಬ ಚಿಂತೆ. ಚಿಂತೆಯಾದರೆ ನಶ್ಯ. ನಶ್ಯವಾದರೆ ಸೀನು. ಅದೂ ಒಂಟಿ! ಹೀಗೆ ಮೂರು ಸಲ ಕಾಲು ತೊಳೆದೆವು.

ಜೋಡಿ ಸೀನಾದರೆ ಶುಭ. ಹಾಗಾಗಿ ನಾಲ್ಕನೆಯ ಸಲವೂ ಒಂಟಿಯೇ ಆದಾಗ ಮನೆಮಂದಿಯೆಲ್ಲ ಮಾವನನ್ನು ಸುತ್ತುವರಿದು ನಿಂತೆವು. "ಮಾವ, ಇನ್ನೊಂದು! ಇನ್ನೊಂದೇ ಒಂದು!" ಮಾವ ಸೂರ್ಯನಿಗೆ ಮೂಗೆತ್ತಿದರು. ಅವರ ಹೆಂಡತಿ, ನಮ್ಮತ್ತೆ, ಮೆಣಸಿನಪುಡಿ ತಂದು ಹಿಡಿದರು. ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ. ಹೊರಡುವವರಿಗೆ ತಾನು ಎದುರಾಗಬಾರದೆಂದು ಅಡುಗೆಮನೆ ಬಾಗಿಲ ಹಿಂದೆ ಅಡಗಿ ನಿಂತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು, "ಅಣ್ಣಯ್ಯಾ, ತಂದೆಯಿಲ್ಲದ ಮಗು ಕಣೋ! ಅದಕ್ಕೋಸ್ಕರ ಒಂದು ಸೀನು ಸೀನೋಕಾಗಲ್ವಾ ನಿನಗೆ?"

"ಜಲ್ದಿ ಸ್ವಾಮಿ, ಬಸ್ಸು ಹೋಗ್ತದೆ" ಎಂದರು ಸಾಬರು. ಅವರು ಹಾಗೆನ್ನುತ್ತಿದ್ದಂತೆ ಅವರ ಕುದುರೆ ತಲೆ ಕೊಡವಿ ಜೋರಾಗಿ ಒಂದು ಸೀನು ಸೀನಿತು.

ಎಲ್ಲರೂ ಮಾವನ ಕಡೆ ನೋಡಿದೆವು. ಮಾವ ಒಂದು ಗಳಿಗೆ ಯೋಚಿಸಿ ಕುದುರೆಗೆ ಕೈ ಮುಗಿದರು. "ಹಯಗ್ರೀವಸ್ವಾಮಿ ಮುಖವೇ ಕುದುರೆ ಮುಖ. ನಂದೊಂದು, ಅದರದೊಂದು, ಜೋಡಿ ಆಯ್ತು. ಹತ್ತಿ ಹತ್ತಿ!"

ಗಾಡಿ ಹತ್ತು ಮಾರು ಹೋಗಿರಲಿಲ್ಲ, ಕುದುರೆ ಇನ್ನೊಂದು ಸೀನಿತು. ನಾನು ಮಾವನ ಮುಖ ನೋಡಿದೆ.

"ಓಡ್ಸಿ ಸಾಬ್ರೇ, ಓಡ್ಸಿ!" ಎಂದರು ಮಾವ. "ಜಟಕಾ ಹೊರಟ ಮೇಲೆ ಸೀನೋದು ಅದರ ಸ್ವಂತ ವಿಚಾರ!"

೨. ಸಾಕ್ಷಿ ಹೇಳಿದ ಹಲ್ಲಿ

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಮುಳಬಾಗಲು ದಾಟಿ ನಂಗಲಿ ಮುಟ್ಟುವಷ್ಟರಲ್ಲಿ ನಮ್ಮ ಬಿಳಿ ಪಂಚೆಗಳೆಲ್ಲ ಬೂದಿಯ ಬಣ್ಣ.

ಹುಡುಗನ ಮನೆಯವರು ಅರ್ಧ ಕನ್ನಡ, ಅರ್ಧ ತೆಲುಗು ಆಡುವ ಜನ. ಹುಡುಗ ತಲೆ ತಗ್ಗಿಸಿಕೊಂಡು ಕಂಬದ ಪಕ್ಕ ಕೂತಿದ್ದ. ಅವನ ತಂದೆ ಮಾತಿಗೆ ಶುರುಮಾಡಿದರು.

"ನಮ್ಮೋನು ಮೈಗಳ್ಳ ಅಲ್ಲಂಡಿ. ಕೋಳಿ ಕೂಗೋ ಹೊತ್ತಿಗೆ ಹೊಲದಲ್ಲಿರ್ತಾನೆ."

ಗೋಡೆಯ ಮೇಲಿನ ಹಲ್ಲಿ 'ಲೊಚ ಲೊಚ' ಎಂದಿತು. ಹಲ್ಲಿ ನುಡಿದರೆ ಆಡಿದ ಮಾತು ಸತ್ಯ. ಎಲ್ಲರೂ "ಕೃಷ್ಣ ಕೃಷ್ಣ" ಎಂದು ನೆಲಕ್ಕೆ ಬೆರಳು ಕುಟ್ಟಿದೆವು. ಮಾವನ ಮುಖ ಅರಳಿತು. ಅಲ್ಲಿಂದ ಮುಂದೆ ಅವರು ಬೀಗರ ಮುಖ ನೋಡುವುದನ್ನೇ ಬಿಟ್ಟರು. ಪ್ರತಿ ಮಾತಿಗೂ ಗೋಡೆ ನೋಡಿ ಕಾಯತೊಡಗಿದರು.

"ನಮ್ಮ ಬಾವಿ ಬೇಸಿಗೇಲೂ ಬತ್ತಲ್ಲ" ಎಂದರು ಬೀಗರು.

ಹಲ್ಲಿ ಸುಮ್ಮನಿತ್ತು. ಮಾವ ಕಾದರು. ಬೀಗರ ಹಣೆಯಲ್ಲಿ ಬೆವರು ಮೂಡಿತು. "ಅಂದ್ರೆ... ತಳದಲ್ಲಿ ಒಂದು ಬಿಂದಿಗೆಯಷ್ಟು ಇರ್ತದೆ."

"ಲೊಚ ಲೊಚ."

"ಹುಡುಗ ಬೀಡಿ ಮುಟ್ಟಲ್ಲ."

ಹಲ್ಲಿ ಸುಮ್ಮನಿತ್ತು. ಎಲ್ಲರ ಕಣ್ಣೂ ಕಂಬದ ಕಡೆ ತಿರುಗಿತು. "ಸಂತೆ ದಿನ ಮಾತ್ರ ಒಂದು..." ಎಂದಿತು ಕಂಬದ ಪಕ್ಕದಿಂದ ಒಂದು ಸಣ್ಣ ದನಿ.

"ಲೊಚ ಲೊಚ."

ಬೀಗರು ಸೋತುಹೋಗಿ ಉಳಿದಿದ್ದನ್ನೂ ಒಪ್ಪಿಸಿಬಿಟ್ಟರು. "ನಿಮ್ಮ ಹುಡುಗೀನ ಮಗಳ ಥರ ನೋಡ್ಕೋತೀವಿ. ನಮ್ಮನೇವಳ ಬಾಯಿ ಮಾತ್ರ ಒಂಚೂರು ಜೋರು."

ಮಾತು ಮುಗಿಯುವ ಮೊದಲೇ ಹಲ್ಲಿ ಶುರು ಮಾಡಿತು ನೋಡಿ! ಲೊಚ ಲೊಚ ಲೊಚ ಲೊಚ, ನಿಲ್ಲಲೇ ಇಲ್ಲ. ನಮ್ಮ ಬೆರಳೆಲ್ಲ ಕುಟ್ಟಿ ಕುಟ್ಟಿ ನೊಂದವು. ಒಳಗಿನಿಂದ ಹುಡುಗನ ತಾಯಿ ಪೊರಕೆ ಹಿಡಿದು ಬಂದರು. "ಎಲ್ಲದು? ಇಷ್ಟು ವರ್ಷ ನನ್ನ ಮನೇಲೇ ಹುಳ ತಿಂದ್ಕೊಂಡು, ನಾಲ್ಕು ಜನರ ಮುಂದೆ ನನ್ನ ಮಾನ ಕಳೀತೈತಾ?"

ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಒಪ್ಕೊಂಡ್ಬಿಡಪ್ಪ. ಗೋಡೆ ಕೂಡ ಸುಳ್ಳು ಹೇಳದ ಮನೆ ಇನ್ನೆಲ್ಲಿ ಸಿಗುತ್ತೆ?"

೩. ಹೂವಿನ ಪ್ರಸಾದ

ನಾವು ಒಪ್ಪಿದರೆ ಸಾಕೇ? ದೇವರು ಒಪ್ಪಬೇಡವೇ? ಅವರ ಮನೆಯ ಪದ್ಧತಿಯಂತೆ ಗಣಪನ ಹತ್ತಿರ ಹೂವಿನ ಪ್ರಸಾದ ಕೇಳಬೇಕು. ಒದ್ದೆ ಹೂವನ್ನು ವಿಗ್ರಹದ ನೆತ್ತಿಗೆ ಅಂಟಿಸಿ ಕಾಯುವುದು. ದೇವರ ಬಲಕ್ಕೆ ಬಿದ್ದರೆ ಮದುವೆ, ಎಡಕ್ಕೆ ಬಿದ್ದರೆ ಅವರವರ ಮನೆಗೆ. ಕುರುಡುಮಲೆಯ ದೊಡ್ಡ ಗಣಪನ ನೆತ್ತಿಗೆ ಹೂವಿಡಬೇಕಾದರೆ ಏಣಿಯೇ ಬೇಕು. ಹಾಗಾಗಿ ಅಲ್ಲಿ ಕೈಮುಗಿದು, ಹಿಂದಿರುಗುವ ದಾರಿಯ ಒಂದು ಸಣ್ಣ ಗಣಪನ ಗುಡಿಗೆ ಬಂದೆವು.

ಅರ್ಚಕರು ಒಂದು ಕಣಗಿಲೆ ಹೂ ಅಂಟಿಸಿದರು. ಎರಡೂ ಕಡೆಯವರು ಕಣ್ಣು ಮಿಟುಕಿಸದೆ ಕೂತೆವು. ಎಡಕ್ಕೆ ಬಿದ್ದರೆ ಅಮ್ಮನಿಗೆ ಯಾವ ಮುಖ ತೋರಿಸಲಿ?

ಹೂ ಬೀಳಲೇ ಇಲ್ಲ. ಹೊತ್ತು ನೆತ್ತಿಗೇರಿತು. "ನನ್ನ ಮನೇಲಿ ಅನ್ನ ಆರ್ತಾ ಇದೆ" ಎಂದರು ಅರ್ಚಕರು. ಯಾರೂ ಕೇಳಿಸಿಕೊಳ್ಳಲಿಲ್ಲ. ಮಾವ ಮೆಲ್ಲಗೆ ಮುಂದಕ್ಕೆ ಬಾಗಿದರು.

"ಬೀಗರೇ, ಊದಬ್ಯಾಡಿ!" ಎಂದರು ಹುಡುಗನ ತಂದೆ.

"ಊದಲಿಲ್ಲ ಸ್ವಾಮಿ, ಉಸಿರು ಬಿಟ್ಟೆ. ಉಸಿರೂ ಬಿಡಬಾರದಾ?"

"ಬಲಗಡೆ ಬಿಡೋ ಉಸಿರನ್ನ ಸ್ವಲ್ಪ ಎಡಗಡೇನೂ ಬಿಡಿ!"

ಹೀಗೆ ವಾದ ನಡೆಯುತ್ತಿರುವಾಗ ಪೀಠದ ಸಂದಿಯಿಂದ ಒಂದು ಇಲಿ ಬಂತು. ಗಣಪನ ಹೆಗಲೇರಿತು, ಹೂವನ್ನು ಬಾಯಲ್ಲಿ ಕಚ್ಚಿತು, ಇಳಿದು ಬಾಗಿಲಾಚೆ ಓಡಿಯೇ ಹೋಯಿತು!

ಬಲವೂ ಅಲ್ಲ, ಎಡವೂ ಅಲ್ಲ. ಇಂಥದ್ದು ಯಾವ ಹಿರಿಯರೂ ಹೇಳಿರಲಿಲ್ಲ. ಮೊದಲು ಎಚ್ಚೆತ್ತವರು ಮಾವ. "ಇಲಿ ಯಾವ ದಿಕ್ಕಿಗೆ ಹೋಯ್ತು?"

"ಮೂಡಲಿಗೆ" ಎಂದರು ಅರ್ಚಕರು.

"ಮೂಡಲಲ್ಲಿ ಯಾವೂರು?"

"ನಮ್ಮೂರೇ!" ಎಂದರು ಬೀಗರು, ಎದ್ದು ನಿಂತು.

"ನೋಡಿದ್ರಾ!" ಎಂದರು ಮಾವ. "ಹೂ ಬೀಳಿಸಿ ಒಪ್ಪಿಗೆ ಕೊಡೋದು ಬೇರೆ ದೇವರುಗಳ ಪದ್ಧತಿ. ನಮ್ಮ ಗಣಪ ಹುಡುಗೀನ ಗಾಡಿ ಮಾಡಿ ಕಳಿಸಿಕೊಟ್ಟ!"

೪. ಎಲೆಯ ಮುಂದಿನ ಒಗಟು

ಮದುವೆ ನಮ್ಮ ಮನೆಯಲ್ಲಿ. ಆಷಾಢಕ್ಕೆ ಮೂರು ದಿನ ಮುಂಚಿನ ಮುಹೂರ್ತ. ಅಕ್ಕಿ ಕಣ್ಣಿಗೂ ಕಾಣದ ದಿನಗಳಾದ್ದರಿಂದ ಇದ್ದದ್ದನ್ನು ಧಾರೆಯ ಊಟಕ್ಕೆ ಎತ್ತಿಟ್ಟು, ದಿಬ್ಬಣ ಬಂದಿಳಿದ ಹೊತ್ತಿಗೆ ರಾಗಿಮುದ್ದೆ, ಬಸ್ಸಾರು ಮಾಡಿದ್ದೆವು.

ದಿಬ್ಬಣದವರು ಎಲೆಯ ಮುಂದೆ ಕೂತ ಮೇಲೆ ಹೆಣ್ಣಿನ ಕಡೆಯ ಹೆಂಗಸರು ಒಂದು ಒಗಟು ಹಾಕುತ್ತಾರೆ. ಬಿಡಿಸುವವರೆಗೆ ಯಾರೂ ಎಲೆಗೆ ಕೈ ಹಾಕುವ ಹಾಗಿಲ್ಲ. ಆ ದಿನದ ಒಗಟನ್ನು ಒಳಗೆ ಕೂತು ಕಟ್ಟಿಕೊಟ್ಟವಳು ನನ್ನ ತಂಗಿಯೇ. ನಮ್ಮತ್ತೆ ಅದನ್ನು ರಾಗವಾಗಿ ಹೇಳಿದರು:

"ಕೈಯಲ್ಲಿ ದುಂಡಾದ, ಸಾರಲ್ಲಿ ಮಿಂದ,
ಹಲ್ಲಿಗೆ ಸಿಗದಂತೆ ಒಳಮನೆಗೆ ಬಂದ.
ಯಾರವನು?"

ದಿಬ್ಬಣದಲ್ಲಿ ಎಲ್ಲರಿಗೂ ಉತ್ತರ ಹೊಳೆಯಿತು. ಆದರೆ ಹಿರಿಯರು ಬಾಯಿಬಿಡದೆ ಕಿರಿಯರು ಹೇಳುವಂತಿಲ್ಲ. ಹಿರಿಯರೆಂದರೆ ವೇದಾಂತ ಕೇಳಿದ ಒಬ್ಬ ಯಜಮಾನರು. ಅವರು ಕಣ್ಣು ಮುಚ್ಚಿಕೊಂಡರು.

"ಇದು ಜೀವಾತ್ಮ. ಕೈ ಅಂದರೆ ಬ್ರಹ್ಮನ ಕೈ. ಸಾರು ಅಂದರೆ ಸಂಸಾರ..."

"ಅಲ್ಲ" ಎಂದರು ಅತ್ತೆ.

"ಹಾಗಾದರೆ ಪ್ರಾಣವಾಯು. ಹಲ್ಲಿಗೆ ಸಿಗದೆ ಒಳಗೆ ಬರುವುದು ಅದೇ ತಾನೆ?"

ಮುದ್ದೆಯ ಹಬೆ ನಿಂತುಹೋಯಿತು. ಸಾರಿನ ಮೇಲೆ ಕೆನೆ ಕಟ್ಟಿತು. ಪಂಕ್ತಿಯ ಉದ್ದಕ್ಕೂ ಹೊಟ್ಟೆಗಳು ಗುರುಗುಡುತ್ತಿದ್ದವು. ಯಜಮಾನರು ಪರಬ್ರಹ್ಮದ ತನಕ ಹೋಗಿದ್ದರು. ಕೊನೆಗೆ ಹೆಂಗಸರ ಸಾಲಿನಿಂದ ಅವರ ಹೆಂಡತಿಯೇ ಕೂಗಿದರು, "ರೀ, ಬ್ರಹ್ಮನ ಹತ್ರ ಆಮೇಲೆ ಹೋಗೋರಂತೆ, ಮೊದಲು ಕಣ್ಣು ಬಿಟ್ಟು ನಿಮ್ಮ ಎಲೆ ನೋಡ್ಕೊಳ್ಳಿ!"

ಯಜಮಾನರು ಕಣ್ಣು ತೆರೆದರು. ಮುದ್ದೆಯನ್ನು ಬಹಳ ಹೊತ್ತು ನೋಡಿದರು. "ಇದೂ ಆಗಬಹುದು" ಎಂದು ಒಂದು ತುಂಡು ಮುರಿದುಕೊಂಡರು. "ಆದರೆ ನನ್ನ ಉತ್ತರ ತಣ್ಣಗಾಗ್ತಿರಲಿಲ್ಲ."

೫. ಹೊಸಿಲ ಮೇಲೆ ನಿಂತ ಹೆಸರು

ಧಾರೆ ಸುಸೂತ್ರವಾಗಿ ಮುಗಿಯಿತು. ಆದರೆ ಹೆಣ್ಣನ್ನು ಗಂಡನ ಮನೆ ತುಂಬಿಸುವ ತನಕ ಮದುವೆ ಪೂರ್ತಿಯಾದಂತಲ್ಲ. ಪುರೋಹಿತರು ಅದಕ್ಕೆ ಕೊಟ್ಟಿದ್ದು ಒಂದೇ ಗಳಿಗೆ. ಅದು ದಾಟಿದರೆ ರಾಹುಕಾಲ, ಮಾರನೆ ದಿನ ಅಮಾವಾಸ್ಯೆ, ಅದರಾಚೆ ಆಷಾಢ. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯ ಹೊಸಿಲು ತುಳಿಯುವ ಹಾಗಿಲ್ಲ. ಹೊಸಿಲ ತನಕ ಹೋಗಿ ಹಿಂದಿರುಗಿದ ಹೆಣ್ಣು ಎಂಬ ಮಾತು ಊರಲ್ಲಿ ಹುಟ್ಟಿದರೆ ಅಮ್ಮ ಉಳಿಯುತ್ತಿರಲಿಲ್ಲ. ನಂಗಲಿಯಲ್ಲಿ ಇಳಿದು, ಎತ್ತಿನ ಗಾಡಿಯನ್ನು ಓಡಿಸಿಕೊಂಡೇ ಬಂದೆವು. ಬಾಗಿಲಿಗೆ ಬಂದಾಗ ಗಳಿಗೆ ಇನ್ನೂ ಸ್ವಲ್ಪ ಉಳಿದಿತ್ತು.

ಹೊಸಿಲ ಮೇಲೆ ರಾಗಿ ತುಂಬಿದ ಸೇರು. ಅದರ ಹಿಂದೆ ಸೆರಗು ಸಿಕ್ಕಿಸಿಕೊಂಡು ನಿಂತ ತಂಗಿಯ ಅತ್ತೆ.

"ಗಂಡನ ಹೆಸರು ಹೇಳು, ಆಮೇಲೆ ಸೇರು ಒದಿ. ಹೇಳ್ದೆ ಒಳಗೆ ಬಿಡಲ್ಲ!"

ಹೆಂಡತಿಯಾದವಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದು ಜನ್ಮಕ್ಕೆ ಅದೊಂದೇ ದಿನ. ತಂಗಿ ನಾಚಿದಳು, ತಲೆ ತಗ್ಗಿಸಿದಳು, ಮೆಲ್ಲಗೆ ಹೇಳಿದಳು: "ಅತ್ತೆ, ನಂಗೆ ಇದೆಲ್ಲ ಹೊಸದು. ನೀವು ಒಂದ್ಸಲ ಹೇಳಿಕೊಡಿ, ಹಂಗೇ ಹೇಳ್ತೀನಿ."

"ಅದಕ್ಕೇನಂತೆ!" ಎಂದು ಅತ್ತೆ ಬಾಯಿ ತೆರೆದರು. ತೆರೆದ ಬಾಯಿ ತೆರೆದೇ ಉಳಿಯಿತು.

ಸಂಗತಿ ಹೀಗಿತ್ತು. ಹುಡುಗನಿಗೆ ಅವನ ತಾತನ ಹೆಸರನ್ನೇ ಇಟ್ಟಿದ್ದರು. ತಾತ ಎಂದರೆ ಅತ್ತೆಗೆ ಮಾವ. ಮಾವನ ಹೆಸರನ್ನು ಸೊಸೆ ಎತ್ತಬಾರದು. ಆಕೆ ಹೆತ್ತ ಮಗನನ್ನು ಹುಟ್ಟಿದಾಗಿನಿಂದ 'ದೊಡ್ಡೋನೇ' ಎಂದೇ ಕರೆದುಕೊಂಡು ಬಂದಿದ್ದರು!

"ಏ, ನೀನು ಹೇಳೇ" ಎಂದು ವಾರಗಿತ್ತಿಯ ಕಡೆ ತಿರುಗಿದರು.

"ಅಯ್ಯೋ ಅಕ್ಕಾ, ನನಗೂ ಅವರು ಮಾವನೇ ಅಲ್ವಾ?"

ಹೆಣ್ಣುಮಕ್ಕಳಿಲ್ಲದ ಮನೆ ಅದು. ಇದ್ದವರೆಲ್ಲ ಸೊಸೆಯರೇ. ಅತ್ತೆ ಗಂಡನ ಕಡೆ ನೋಡಿದರು. "ಹೆತ್ತ ಅಪ್ಪನ ಹೆಸರು ಬೀದೀಲಿ ಕೂಗ್ಲಾ?" ಎಂದು ಬೀಗರು ಕೈ ಚೆಲ್ಲಿದರು. ಮದುಮಗನೇ ಬಾಯಿ ತೆಗೆಯಲು ಹೋದ. "ತನ್ನ ಹೆಸರು ತಾನೇ ಹೇಳಿದರೆ ಆಯುಸ್ಸು ಕಡಿಮೆ!" ಎಂದು ಪುರೋಹಿತರು ಅವನ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಹೇಳುತ್ತೇನೆ ಎಂದೆ. ಹೆಣ್ಣಿನ ಕಡೆಯವರು ಹೇಳಿಕೊಟ್ಟರೆ ಶಾಸ್ತ್ರ ಕೆಡುತ್ತದೆಯಂತೆ!

"ಗಳಿಗೆ ಮುಗೀತಾ ಬಂತು!" ಎಂದರು ಪುರೋಹಿತರು. ನಮ್ಮ ಸೋದರಮಾವ ಮನೆದೇವರಿಗೆ ತೆಂಗಿನಕಾಯಿ ಹರಸಿಕೊಳ್ಳುತ್ತಿದ್ದರು, ಒಂದರಿಂದ ಹನ್ನೊಂದರವರೆಗೆ ಏರಿದ್ದರು. ಸೊಸೆಯೂ ಅತ್ತೆಯೂ ಸೇರಿನ ಆಚೆ ಈಚೆ ಕಲ್ಲಿನ ಹಾಗೆ ನಿಂತಿದ್ದರು.

ಆಗ ನಡುಮನೆಯಿಂದ ಹುಡುಗನ ಅಜ್ಜಿ ಕೋಲೂರಿಕೊಂಡು ಧಾವಿಸಿ ಬಂದರು. ಆಕೆಗೆ ಅದು ಗಂಡನದೇ ಹೆಸರು. ಮದುವೆಯಾದ ದಿನ ಇದೇ ಹೊಸಿಲ ಮೇಲೆ ಒಂದು ಸಲ ಹೇಳಿದ್ದು, ಮತ್ತೆ ಹೇಳಿದ್ದಿಲ್ಲ. ರಾಹುಕಾಲದ ಭಯಕ್ಕೆ ಅದೆಲ್ಲ ಮರೆತೇ ಹೋಯಿತು.

"ಒರೇ ಮುನಿವೆಂಕಟಾ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು. "ಏನ್ ನೋಡ್ಕೊಂಡು ನಿಂತಿದ್ದೀಯೋ? ಹುಡುಗಿ ಕೈ ಹಿಡ್ಕೊಂಡು ಒಳಗೆ ಬಾರೋ!"

ಕೂಗಿದವರೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆದರೆ ತಂಗಿ ತಡಮಾಡಲಿಲ್ಲ. "ಅಜ್ಜಿ ಹೇಳಿದ ಹೆಸರೇ! ಮುನಿವೆಂಕಟಪ್ಪ!" ಎಂದವಳೇ ಬಲಗಾಲಲ್ಲಿ ಸೇರು ಒದ್ದಳು. ರಾಗಿ ನಡುಮನೆಯವರೆಗೂ ಹರಡಿತು. ಗಂಡನ ಕೈ ಹಿಡಿದು ಒಳಗೆ ಕಾಲಿಟ್ಟಳು. ಗಳಿಗೆ ಇನ್ನೂ ಉಳಿದಿತ್ತು! ನಾನು ಅಲ್ಲೇ ನಿಂತು ಕೈ ಮುಗಿದೆ. ಕಣ್ಣಲ್ಲಿ ನೀರು ಬಂತು.

ಅದನ್ನು ಒರೆಸಿಕೊಳ್ಳುವುದರೊಳಗೆ ಪಕ್ಕದ ಜಗಲಿಯ ಮೇಲೆ ಗದ್ದಲ. ಅಲ್ಲಿ ಎಲೆಅಡಿಕೆ ಕುಟ್ಟುತ್ತ ಕೂತಿದ್ದ ತಾತ ಗಡಿಬಿಡಿಯಿಂದ ಎದ್ದು, ಪೇಟ ಸರಿಮಾಡಿಕೊಂಡು, ಮುಖದ ತುಂಬ ನಗು ತುಂಬಿಕೊಂಡು ಬಾಗಿಲಿಗೆ ಬರುತ್ತಿದ್ದರು.

"ಬಂದೆ ಕಣೇ, ಬಂದೆ! ಇಷ್ಟು ವರ್ಷಕ್ಕೆ ಇವತ್ತು ಬಾಯಿತುಂಬ ಹೆಸರು ಹಿಡಿದು ಕರೆದ್ಯಲ್ಲೇ!" ಎಂದರು. ಆಮೇಲೆ ಸುತ್ತ ನಿಂತ ಹೆಂಗಸರನ್ನೆಲ್ಲ ಒಂದು ಸಲ ನೋಡಿ, ಅಜ್ಜಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಕೈ ಹಿಡ್ಕೊಂಡು ಬಾ ಅಂದ್ಯಲ್ಲ, ಹುಡುಗಿ ಎಲ್ಲಿ?"