ನಮ್ಮ ಸ್ಟ್ರೈಕರನನ್ನು ಹೆಪ್ಪುಗಟ್ಟಿಸಿದ ಫ್ರಿಜ್ಜಿನವರ ಸನ್ನಿಧಾನಕ್ಕೆ

ಇವರಿಗೆ,
ದುಂಡು ಹೆಗಲಿನ ಹಳೆಯ ಫ್ರಿಜ್ಜಿನವರು,
ಎರ್ಮೆಲಿಂದಾ ಅಜ್ಜಿಯ ಅಡುಗೆಮನೆಯ ಹಿಂಮೂಲೆ,
ಚರ್ಮದ ಕಾರ್ಖಾನೆಯ ಬಡಾವಣೆ,
ಬ್ಯೂನಸ್ ಐರಿಸ್‌ನ ದಕ್ಷಿಣದ ಅಂಚು.

ಪರಮಶೀತಲರೂ ನಿತ್ಯ ಗುಡುಗುಡಿಸುವವರೂ ಆದ ಮಾನ್ಯರೇ,

ತಮ್ಮ ಬೆನ್ನ ಹಿಂದಿನ ಮೋಟಾರು ಎಂದಿನಂತೆ ಗೊರಕೆ ಹೊಡೆಯುತ್ತಿದೆಯೆಂದೂ, ಬಾಗಿಲಿನ ರಬ್ಬರು ಇನ್ನೂ ಪೂರ್ತಿ ಕಿತ್ತುಬಂದಿಲ್ಲವೆಂದೂ ನಂಬಿಕೊಂಡು, ತಮಗೂ ತಮ್ಮ ಒಡಲಲ್ಲಿ ಆಶ್ರಯ ಪಡೆದಿರುವ ಮೊಟ್ಟೆಗಳಿಗೂ ಅರ್ಧ ನಿಂಬೆಹಣ್ಣಿಗೂ ಸ್ಪೋರ್ಟಿವೊ ಲುಸೆರೊ ಫುಟ್‌ಬಾಲ್ ಕ್ಲಬ್ಬಿನ ಸಮಸ್ತ ಅಭಿಮಾನಿಗಳ ಪರವಾಗಿ ಸಾಷ್ಟಾಂಗ ನಮಸ್ಕಾರಗಳನ್ನು ಸಲ್ಲಿಸಿ, ಕೆಳಗೆ ಸಹಿ ಮಾಡಿರುವ ಗ್ರಿಸೆಲ್ ಎಂಬ ಮೊಮ್ಮಗಳು ಮಾಡಿಕೊಳ್ಳುವ ದೂರು ಏನೆಂದರೆ, ತಾವು ತಮ್ಮ ಕೆಲಸವನ್ನು ಅಗತ್ಯಕ್ಕಿಂತ ಚೆನ್ನಾಗಿ ಮಾಡುತ್ತೀರಿ.

ನಮ್ಮ ಬಡಾವಣೆಯಲ್ಲಿ ಚರ್ಚಿದೆ, ಪೊಲೀಸ್ ಠಾಣೆಯಿದೆ, ಕ್ಲಬ್ಬಿಗೊಂದು ಆಡಳಿತ ಮಂಡಳಿಯೂ ಇದೆ. ಆದರೂ ನಿಜಕ್ಕೂ ಒಂದು ಕೆಲಸ ಆಗಬೇಕೆಂದರೆ ಜನ ಬರುವುದು ತಮ್ಮ ಬಾಗಿಲಿಗೇ ಎಂಬುದು ಎಲ್ಲರಿಗೂ ತಿಳಿದ ವಿಷಯ. ಎದುರಾಳಿ ತಂಡದ ಯಾವನ ಕಾಲಿಗೆ ನಾವು ಹೆದರುತ್ತೇವೋ ಅವನ ಹೆಸರನ್ನು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಡಿಸಿ, ತಮ್ಮ ಫ್ರೀಜರಿನ ಹಿಂಗೋಡೆಗೆ ಅಂಟಿಸಿಬಿಟ್ಟರೆ ಭಾನುವಾರ ಅವನ ಕಾಲು ಮರಗಟ್ಟುತ್ತದೆ. ಪಂದ್ಯ ನಡೆಯುವಷ್ಟು ಹೊತ್ತೂ ಅಜ್ಜಿ ಮೈದಾನಕ್ಕೆ ಹೋಗದೆ, ಸ್ಟೂಲು ಹಾಕಿಕೊಂಡು, ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ರೇಡಿಯೊ ಮಡಿಲಲ್ಲಿಟ್ಟುಕೊಂಡು ಕಾವಲು ಕೂರುತ್ತಾಳೆ. ಅವಳ ಮಗ, ಅಂದರೆ ನನ್ನ ಎಲ್ವಿಯೊ ಮಾವ, ಒಮ್ಮೆ ಅವಳು ಬಚ್ಚಲಿಗೆ ಹೋದ ಸಮಯ ನೋಡಿ ಸೋಡಾ ಬಾಟಲಿಗೆಂದು ತಮ್ಮ ಬಾಗಿಲು ತೆರೆದ ಗಳಿಗೆಯಲ್ಲೇ ನಮ್ಮ ಮೇಲೆ ಪೆನಾಲ್ಟಿ ಬಿತ್ತು, ಮಾವನಿಗೆ ಈಗ ತಲೆ ನರೆತಿದೆ, ಬೀದಿಯವರು ಮಾತ್ರ ಇವತ್ತಿಗೂ "ಏನಪ್ಪಾ ಸೋಡಾ, ಹೇಗಿದೀಯ?" ಎಂದೇ ಮಾತಾಡಿಸುತ್ತಾರೆ.

ಅಜ್ಜಿಯ ಈ ಭಕ್ತಿಯನ್ನು ಕಂಡು ನಾನು ನಗುತ್ತಿದ್ದವಳು. ತಮ್ಮನ್ನು ಪರೀಕ್ಷಿಸಲೆಂದೇ ಇತಿಹಾಸದ ಮೇಷ್ಟರ ಹೆಸರನ್ನು ಬರೆದು ಬಟಾಣಿ ಪೊಟ್ಟಣದ ಹಿಂದೆ ಸೇರಿಸಿದ್ದೆ. ಅವರು ಎಂದಿಲ್ಲದ ಲವಲವಿಕೆಯಿಂದ ಬಂದು ಆ ವಾರವೇ ಪರೀಕ್ಷೆ ಇಟ್ಟರು. ಹೀಗಾಗಿ ತಾವು ಬರೀ ಒಂದು ಫ್ರಿಜ್ ಎಂಬ ದುಡುಕಿನ ತೀರ್ಮಾನಕ್ಕೆ ಬಂದಿದ್ದೆ. ತಮ್ಮ ವ್ಯಾಪ್ತಿ ಫುಟ್‌ಬಾಲಿಗೆ ಮಾತ್ರ ಸೀಮಿತ, ಶಿಕ್ಷಣ ಇಲಾಖೆ ತಮಗೆ ಸೇರಿದ್ದಲ್ಲ ಎಂಬ ಆಡಳಿತದ ಸೂಕ್ಷ್ಮ ಆಗ ನನಗೆ ಹೊಳೆದಿರಲಿಲ್ಲ, ದಯವಿಟ್ಟು ಕ್ಷಮಿಸಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ಮಾರ್ಚಿನಲ್ಲಿ ಹಿಟ್ಟಿನ ಗಿರಣಿಯ ಬಡಾವಣೆಯವರು, ಅಂದರೆ ನಮ್ಮ ಜನ್ಮಾಂತರದ ಎದುರಾಳಿ ಮೊಲಿನೋಸ್ ತಂಡದವರು, ನಮ್ಮ ಮೈದಾನಕ್ಕೆ ಬಂದಾಗ ಅವರ ಸ್ಟ್ರೈಕರ್ ಆಗಿದ್ದವನು ಚಾಕೊ ಪ್ರಾಂತ್ಯದಿಂದ ಬಂದ ಎಲಿಸೆಯೊ ಗಾಲ್ಬಾನ್ ಎಂಬ ಇಪ್ಪತ್ತರ ಹುಡುಗ. ಅಜ್ಜಿ ಅವನ ಹೆಸರು ಬರೆದು ತಮಗೊಪ್ಪಿಸಿದಳು. ಆ ದಿನ ಅವನು ಖಾಲಿ ಗೋಲಿನ ಮುಂದೆ ನಿಂತು ಚೆಂಡನ್ನು ಮೈದಾನದಾಚೆಯ ಮಾಂಸದಂಗಡಿಯ ಸೂರಿನ ಮೇಲಕ್ಕೆ ಒದ್ದದ್ದನ್ನು ಕಂಡು ನಾವೆಲ್ಲ ತಮಗೆ ಜೈಕಾರ ಹಾಕಿದೆವು. ಇಲ್ಲಿಯವರೆಗೆ ತಮ್ಮ ಸೇವೆಯಲ್ಲಿ ಯಾವ ಲೋಪವನ್ನೂ ಕಾಣಲಾರೆ.

ಆದರೆ ಜುಲೈ ತಿಂಗಳ ನಮ್ಮ ಚಳಿಗಾಲದಲ್ಲಿ ನಮ್ಮ ಆಡಳಿತ ಮಂಡಳಿಯವರು ಅದೇ ಗಾಲ್ಬಾನನನ್ನು ನಮ್ಮ ತಂಡಕ್ಕೇ ಕರೆತಂದರು. ಅಜ್ಜಿಯ ಮನೆಯೆದುರಿನ ಬೇಕರಿಯ ಮಹಡಿಯ ಮೇಲೆ ಅವನಿಗೊಂದು ಕೋಣೆ, ನಮ್ಮ ಹಸಿರು ಅಂಗಿ, ಬೆನ್ನಿಗೆ ಒಂಬತ್ತರ ಸಂಖ್ಯೆ. ಅಂದಿನಿಂದ ನವೆಂಬರಿನ ತನಕ ಆ ಹುಡುಗ ಒಂದೇ ಒಂದು ಗೋಲು ಹೊಡೆಯಲಿಲ್ಲ. ಗೋಲು ಕಾಯುವ ಗೋಲಿಯೇ ಜಾರಿ ಬಿದ್ದು ದಾರಿ ಬಿಟ್ಟರೂ ಹೊಡೆಯಲಿಲ್ಲ. ಗ್ಯಾಲರಿಯವರು ಮೊದಮೊದಲು ನಿಟ್ಟುಸಿರಿಟ್ಟರು, ಆಮೇಲೆ ಸಿಳ್ಳೆ ಹಾಕಿ ಅಣಕಿಸಿದರು, ಕೊನೆಗೆ ಅವನು ಬ್ರೆಡ್ಡು ಕೊಳ್ಳಲು ಹೋದರೆ ಬೇಕರಿಯವಳೇ "ಒದ್ದು ಕೊಡ್ಲಾ, ಕೈಯಲ್ಲೇ ಕೊಡ್ಲಾ?" ಎಂದು ಕೇಳುವವರೆಗೆ ಬಂತು. ತಂಡವೂ ಪಾಯಿಂಟು ಪಟ್ಟಿಯ ತಳ ಸೇರಿತು. ಸೀಸನ್ನಿನ ಕೊನೆಯ ಪಂದ್ಯ ಅದೇ ಮೊಲಿನೋಸ್ ಮೇಲೆ. ಕನಿಷ್ಠ ಡ್ರಾ ಆಗದಿದ್ದರೆ ಲುಸೆರೊ ಕೆಳಗಿನ ದರ್ಜೆಗೆ ಬೀಳುತ್ತದೆ, ಆ ಪಂದ್ಯದಲ್ಲೂ ಅವನಿಂದ ಗೋಲು ಬರದಿದ್ದರೆ ಗಾಲ್ಬಾನ್ ಚಾಕೊದ ಬಸ್ಸು ಹತ್ತುತ್ತಾನೆ ಎಂದು ಮಂಡಳಿಯವರು ಹೇಳಿಬಿಟ್ಟರು.

ಆ ಪಂದ್ಯಕ್ಕೆ ಒಂದು ವಾರ ಮೊದಲು, ಭಾನುವಾರದ ರವಿಯೋಲಿ ಊಟಕ್ಕೆ ಕೂತಾಗ, ಎಲ್ವಿಯೊ ಮಾವ ಮುಳ್ಳುಚಮಚ ಝಳಪಿಸುತ್ತ, "ಮಾರ್ಚಲ್ಲಿ ನಮ್ ಮೇಲೆ ಆಡಿದಾಗ್ಲೂ ಹಿಂಗೇ ಮರದ್ ಹಂಗೆ ನಿಂತಿದ್ದ ಬೋಳಿಮಗ, ಆವಾಗ ಕುಣಿದಾಡಿದ್ವಿ, ಈಗ ಅದೇ ಮರಕ್ಕೆ ಸಂಬಳ ಕೊಟ್ಟು ನೀರ್ ಹಾಕ್ತಿದೀವಿ" ಎಂದ. ಅಜ್ಜಿಯ ಕೈಯಿಂದ ಸಾರಿನ ಸೌಟು ಜಾರಿ ಬಿತ್ತು. "ಅಯ್ಯೋ ನನ್ ತಾಯಿ ಮೇರಿ! ಆ ಹುಡುಗ ಇನ್ನೂ ಒಳಗೇ ಇದಾನಲ್ಲೇ!" ಎಂದು ಅವಳು ಚೀರಿದ್ದಕ್ಕೆ ಮಾವ ಗಾಬರಿಯಾಗಿ ಬಚ್ಚಲಿನ ಕಡೆ ನೋಡಿದ, ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ, ಅಜ್ಜಿ ಮಾತ್ರ ಬೆರಳನ್ನು ತಮ್ಮತ್ತ ಚಾಚಿದ್ದಳು.

ಮಾನ್ಯರೇ, ತಂಡ ಬದಲಾಯಿಸಿದವನ ಚೀಟಿಯನ್ನು ಹೊರಗೆ ತೆಗೆಯಲು ನಾವು ಮರೆತದ್ದು ನಿಜ. ಆದರೆ ಪ್ರತಿ ಭಾನುವಾರ ರೇಡಿಯೊ ತಮ್ಮ ಕಿವಿಯ ಪಕ್ಕದಲ್ಲೇ ಕೂಗುತ್ತಿತ್ತಲ್ಲ! ಮನುಷ್ಯ ಪಕ್ಷಾಂತರ ಮಾಡಿದ ಮೇಲೆ ಅವನ ಕಡತವನ್ನೂ ಬದಲಾಯಿಸಬೇಕೆಂಬ ಸಾಮಾನ್ಯ ತಿಳಿವಳಿಕೆ ಇಷ್ಟು ವರ್ಷದ ಅನುಭವವುಳ್ಳ ತಮಗೆ ಇರಬೇಡವೇ?

ಚೀಟಿ ಕೀಳಲು ಹೋದರೆ ಬರಲಿಲ್ಲ. ಮಾರ್ಚಿನಿಂದ ಬೆಳೆದ ಮಂಜುಗಡ್ಡೆಯ ಹಿಂದೆ ಎಲ್ಲ ಚೀಟಿಗಳೂ ಹೂತುಹೋಗಿದ್ದವು. ಪ್ಲಗ್ಗು ಕಿತ್ತು ಕರಗಿಸೋಣವೆಂದರೆ ಗಾಲ್ಬಾನನ ಜೊತೆಗೆ ಮೊಲಿನೋಸಿನ ಗೋಲಿ, ಅವರ ಗೂಳಿಯಂಥ ಡಿಫೆಂಡರು, ಇಬ್ಬರು ರೆಫರಿಗಳು, ಮಾವನ ಮಾಜಿ ಹೆಂಡತಿಯ ವಕೀಲ, ಎಲ್ಲರೂ ಒಟ್ಟಿಗೇ ಬಿಡುಗಡೆಯಾಗುತ್ತಾರೆ. ಅಜ್ಜಿಯ ಮನೆಯಲ್ಲಿ ಸಭೆ ಸೇರಿತು. ಮಾಟೆ ಕಷಾಯ ಹೀರುತ್ತ ಕೂತಿದ್ದ ಫಾದರ್ ಬೆಲಿಸಾರಿಯೊ ಇದೆಲ್ಲ ಮೂಢನಂಬಿಕೆ, ಚರ್ಚು ಇದನ್ನು ಒಪ್ಪುವುದಿಲ್ಲ ಎಂದು ಗಂಭೀರವಾಗಿ ಸಾರಿ, ಆಮೇಲೆ ಅಜ್ಜಿಯ ಕಡೆ ಬಾಗಿ, "ಆ ಗೋಲಿ ಒಳಗಡೆನೇ ಇದಾನೆ ತಾನೆ ಅಮ್ಮಾ? ಹಂಗಾದ್ರೆ ಪ್ಲಗ್ ಮಾತ್ರ ಮುಟ್ಟಬೇಡಿ" ಎಂದರು.

ಆ ವಾರವಿಡೀ ಅಜ್ಜಿ ಕಿಟಕಿಯಲ್ಲೇ ನಿಂತಿದ್ದಳು. ಎದುರಿನ ಮಹಡಿಯಲ್ಲಿ ಆ ಹುಡುಗ ಒಬ್ಬನೇ ಕೂತು ಬ್ರೆಡ್ಡು ಕಡಿಯುವುದು ಅಲ್ಲಿಂದ ಕಾಣುತ್ತದೆ. "ಬೈಸಿಕೊಳ್ತಿರೋನು ಅವನು ಕಣೇ ಗ್ರಿಸೆಲ್, ತಪ್ಪು ಮಾಡಿದೋಳು ನಾನು" ಎಂದಳು. ಅವಳ ಮುಖ ನೋಡಿ ನನಗೆ ನಗು ಬರಲಿಲ್ಲ, ಇದನ್ನು ತಾವು ಯಾರಿಗೂ ಹೇಳಬಾರದು. ಶನಿವಾರ ನಾನು ಕೂದಲು ಒಣಗಿಸುವ ಯಂತ್ರವನ್ನು ತಂದು, ಗಾಲ್ಬಾನನೊಬ್ಬನಿಗೆ ಮಾತ್ರ ಜಾಮೀನು ಕೊಡಿಸುವ ಉದ್ದೇಶದಿಂದ, ತಮ್ಮ ಬಾಯೊಳಗೆ ಬಿಸಿಗಾಳಿ ಊದುತ್ತಿದ್ದಾಗ, ಬೇಸಿಗೆ ಹತ್ತಿರವಾದ ಸೆಕೆಗೆ ಎಲ್ಲರೂ ಫ್ಯಾನು ಹಾಕಿಕೊಂಡಿದ್ದ ಆ ಮಧ್ಯಾಹ್ನ, ಇಡೀ ಬಡಾವಣೆಯ ಕರೆಂಟು ಹೋಯಿತು. ತಾವು ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾದಿರಿ. ಹಿಂದೆ ಎಷ್ಟು ಸಲ ಕರೆಂಟು ಹೋದರೂ ಗಟ್ಟಿಯಾಗಿದ್ದ ತಾವು ಈ ಒಂದು ಸಲ ಮಾತ್ರ ಪೂರ್ತಿ ಕರಗಿ ಅಡುಗೆಮನೆ ತುಂಬ ಹರಿದಿರಿ.

ಭಾನುವಾರ ಬೆಳಿಗ್ಗೆ ಕರೆಂಟು ಬರುವ ಹೊತ್ತಿಗೆ ಚೀಟಿಗಳೆಲ್ಲ ನೆಲದ ಮೇಲೆ ತೇಲುತ್ತಿದ್ದವು. ಅಜ್ಜಿ ಅವನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದಳು. ಶಾಯಿ ಹರಡಿ ಎಲ್ಲವೂ ಒಂದೇ ನೀಲಿ; ಮಿತ್ರ ಯಾರು, ಶತ್ರು ಯಾರು, ವಕೀಲ ಯಾರು, ಒಂದೂ ತಿಳಿಯುವಂತಿರಲಿಲ್ಲ. ಮಾವ ಪೆನ್ನು ಹಿಡಿದು ಓಡಿಬಂದು, "ಅಮ್ಮಾ, ಪಂದ್ಯ ಇರೋದು ಸಂಜೆಗೆ, ಇನ್ನೂ ಟೈಮಿದೆ, ಬೇಗ ಬೇಗ ಬರೆದು ಹಾಕು" ಎಂದು ಗೋಗರೆದ. ಅಜ್ಜಿ ಹಗ್ಗಕ್ಕೆ ಕೊನೆಯ ಕ್ಲಿಪ್ಪು ಸಿಕ್ಕಿಸಿ, "ಬ್ಯಾಡ. ಎಲ್ರೂ ಬಿಸಿಲಿಗೆ ಬಂದಿದಾರೆ, ಬಿಸಿಲಲ್ಲೇ ಆಡ್ಲಿ. ಹಸಿರು ಅಂಗಿ ಎಲ್ಲಿಟ್ಟಿದೀಯೇ ಗ್ರಿಸೆಲ್, ನಾನೂ ಬರ್ತೀನಿ" ಎಂದಳು. ಅಜ್ಜ ತೀರಿಕೊಂಡ ಮೇಲೆ ಅವಳು ಮೈದಾನಕ್ಕೆ ಕಾಲಿಟ್ಟದ್ದು ಅದೇ ಮೊದಲು. ತಮ್ಮ ಬಾಗಿಲು ಕಾಯಲು ಯಾರೂ ಇರಲಿಲ್ಲವೆಂಬುದನ್ನು ತಾವು ಗಮನಿಸಿರಬಹುದು.

ಬಿಡುಗಡೆಯಾದವರು ಬಿಡುಗಡೆಯಾದವರಂತೆಯೇ ಆಡಿದರು. ಅವರ ಗೋಲಿ ಬೆಕ್ಕಿನಂತೆ ಹಾರಿದ. ಅವರ ಡಿಫೆಂಡರನೇ ಮುಂದೆ ನುಗ್ಗಿಬಂದು ನಮ್ಮ ಮೇಲೆ ಗೋಲು ಹೊಡೆದ. ಗಾಲ್ಬಾನ್ ಮುಟ್ಟಿದ ಮೊದಲ ಚೆಂಡು ಸೀದಾ ಹೊರಗೆ ಹೋಯಿತು, ಇಡೀ ಗ್ಯಾಲರಿ ಸಿಳ್ಳೆ ಹಾಕಿತು. ಆಗ ನನ್ನ ಅಜ್ಜಿ ಬೆಂಚಿನ ಮೇಲೆ ಹತ್ತಿ ನಿಂತು ಜನರ ಕಡೆ ತಿರುಗಿ, "ಬಾಯ್ ಮುಚ್ರೋ! ನಿನ್ನೆ ತಾನೇ ನನ್ ಫ್ರಿಜ್ಜಿಂದ ಹೊರಗ್ ಬಂದಿದಾನೆ, ಕೂಸಿಗೆ ಮೈ ಬಿಸಿಯಾಗೋಕೆ ಬಿಡ್ರೋ!" ಎಂದು ಗದರಿದಳು. ಬೇರೆ ಊರಿನಲ್ಲಾಗಿದ್ದರೆ ಮುದುಕಿಯನ್ನು ಆಸ್ಪತ್ರೆಗೆ ಸೇರಿಸುತ್ತಿದ್ದರು. ನಮ್ಮಲ್ಲಿ ಎಲ್ಲರಿಗೂ ತಕ್ಷಣ ಅರ್ಥವಾಯಿತು. ಮಾಂಸದಂಗಡಿಯವನು ಎದ್ದು ಚಪ್ಪಾಳೆಗೆ ತಕ್ಕಂತೆ "ಕರಗು, ಗಾಲ್ಬಾನ್, ಕರಗು!" ಎಂದು ಶುರುಮಾಡಿದ, ಬೇಕರಿಯವಳು ಸೇರಿಕೊಂಡಳು, ಫಾದರ್ ಬೆಲಿಸಾರಿಯೊ ಸೇರಿಕೊಂಡರು, ತಿಂಗಳುಗಟ್ಟಲೆ ಸಿಳ್ಳೆ ಹಾಕಿದ್ದ ಬಾಯಿಗಳೆಲ್ಲ ಒಂದೇ ಬಾಯಿಯಾದವು. ಆ ಹುಡುಗ ಚೆಂಡು ಬಿಟ್ಟು ನಮ್ಮನ್ನೇ ನೋಡುತ್ತ ನಿಂತ. ಇದು ಬೈಗುಳವೋ ಹಾಡೋ ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಓಡತೊಡಗಿದ.

ಆಟ ಮುಗಿಯುವ ಹೊತ್ತಿಗೆ ನಮಗೊಂದು ಕಾರ್ನರ್ ಸಿಕ್ಕಿತು. ಚೆಂಡು ಅವರ ಡಿಫೆಂಡರನ ತಲೆಗೆ ಬಡಿದು, ಅಲ್ಲಿಂದ ಸಿಡಿದು, ಗೋಲುಕಂಬಕ್ಕೆ ಬೆನ್ನು ಹಾಕಿ ನಿಂತು ಗ್ಯಾಲರಿಯಲ್ಲಿ ಯಾರನ್ನೋ ಹುಡುಕುತ್ತಿದ್ದ ಗಾಲ್ಬಾನನ ಪೃಷ್ಠಕ್ಕೆ ತಾಗಿ ಒಳಗೆ ಹೋಯಿತು. ಒಂದು–ಒಂದು. ಲುಸೆರೊ ಉಳಿಯಿತು. ಗಾಲ್ಬಾನ್ ಹುಲ್ಲಿನ ಮೇಲೆ ಮುಖ ಹುದುಗಿಸಿ ಅತ್ತ. ಮಾವ ನನ್ನನ್ನು ತಬ್ಬಿಕೊಂಡು ಅಳುತ್ತ, "ಕುಂಡಿವರೆಗೂ ಕರಗಿದಾನೆ ಕಣೇ! ಕಾಲು ಮುಂದಿನ ಸೀಸನ್ನಿಗೆ!" ಎಂದ. ಯಾವುದನ್ನೂ ನಂಬದ ನಾನು ಕೂಗಿ ಕೂಗಿ ಗಂಟಲು ಕಳೆದುಕೊಂಡೆ, ಈ ದೂರನ್ನು ಬಾಯಲ್ಲಿ ಹೇಳದೆ ಬರೆದು ಕೊಡುತ್ತಿರುವುದೂ ಅದಕ್ಕೇ. ಕಾಲು ಕಟ್ಟಿಸಿ ಗೆದ್ದ ಪಂದ್ಯಗಳು ಯಾವುವೂ ನನಗೆ ನೆನಪಿಲ್ಲ ಮಾನ್ಯರೇ, ಈ ಡ್ರಾ ಮಾತ್ರ ಮುದುಕಿಯಾದರೂ ನೆನಪಿರುತ್ತದೆ.

ಆದ್ದರಿಂದ ಘನ ಸನ್ನಿಧಾನವು ದಯಮಾಡಿ ಗಾಲ್ಬಾನನಿಗೆ "ಇವರು ನಮ್ಮಲ್ಲಿ ಸದ್ವರ್ತನೆಯಿಂದ ಇದ್ದರು" ಎಂಬ ಪ್ರಮಾಣಪತ್ರವನ್ನು ಹಿಮದ ಮುದ್ರೆಯೊತ್ತಿ ಕೊಡಬೇಕು. ಕರಗಿ ಹಾಳಾದ ಮಿಲನೇಸ ಮಾಂಸದ ತುಂಡುಗಳ ಆತ್ಮಕ್ಕೆ ಶಾಂತಿ ಕೋರಬೇಕು. ಹಾಗೆಯೇ ಇನ್ನು ಮುಂದೆ ಯಾವ ಮನುಷ್ಯನನ್ನೂ ಒಳಗಿಟ್ಟುಕೊಳ್ಳದೆ, ನಾವು ಹಿಂದಿರುವಾಗ ಗಡಿಯಾರ ಒಂದನ್ನು ಮಾತ್ರ ಹೆಪ್ಪುಗಟ್ಟಿಸುವ, ನಾವು ಮುನ್ನಡೆಯಲ್ಲಿರುವಾಗ ಅದನ್ನೂ ಮಾಡದಿರುವ ಕೃಪೆ ತೋರಬೇಕು. ಮುಂದಿನ ಸೀಸನ್ನಿಗೆ ಅಜ್ಜಿಯ ಪಕ್ಕದ ಸೀಟು ತಮಗೇ ಮೀಸಲು. ಪ್ಲಗ್ಗಿನ ವೈರು ಮೈದಾನದವರೆಗೆ ಬರುವುದಾದರೆ ತಪ್ಪದೆ ದಯಮಾಡಿಸಬೇಕು.

ತಮ್ಮ ಬಾಗಿಲನ್ನು ಇನ್ನು ಮೇಲೆ ಐಸಿಗಾಗಿ ಮಾತ್ರ ತೆರೆಯುವ,
ತಮ್ಮ ವಿಶ್ವಾಸಿ,
ಗ್ರಿಸೆಲ್ ಬಸ್ವಾಲ್ದೊ

ತಾ.ಕ.: ಅಜ್ಜಿ ಚೀಟಿ ಬರೆಯುವುದನ್ನೇ ಬಿಟ್ಟುಬಿಟ್ಟಳೆಂದು ತಾವು ನೆಮ್ಮದಿಯಿಂದ ಗೊರಕೆ ಹೊಡೆಯಬೇಡಿ, ತಮ್ಮ ಹುದ್ದೆ ಈಗ ಒಲೆಯವರ ಪಾಲಾಗಿದೆ. ಹುಡುಗನ ಕಾಲೂ ಬೇಗ ಕರಗಲೆಂದು ಅವನ ಹೆಸರು ಬರೆದ ಹೊಸ ಚೀಟಿಯನ್ನು ಸೋಮವಾರದಿಂದ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಿದ್ದಾಳೆ. ಗಾಲ್ಬಾನನಿಗೆ ನಿನ್ನೆಯಿಂದ ಜ್ವರವಂತೆ. ಅಜ್ಜಿ ಉರಿ ಸಣ್ಣ ಮಾಡಿದ್ದಾಳೆ.