ಮಾವನ ಆಟ, ಹೊಸ ಕಂಪ್ಯೂಟರಿನ ಹಟ

ಯಾರ ಮನೆಗೆ ಹೊಸ ಕಂಪ್ಯೂಟರ್ ಬಂದರೂ ಮೂರನೇ ದಿನಕ್ಕೆ ಒಬ್ಬರು ಮುಖ ಸಪ್ಪಗೆ ಮಾಡಿಕೊಂಡು ನನ್ನ ಹತ್ತಿರ ಬರುತ್ತಿದ್ದರು. "ಮೇಡಂ, ಎಲ್ಲಾ ಚೆನ್ನಾಗೈತೆ, ನಮ್ಮ ಹಳೇ ಆಟ ಒಂದು ಓಡ್ತಿಲ್ಲ." ಹಿಂದೂಪುರದಲ್ಲಿ ನಾನು ನಡೆಸುತ್ತಿದ್ದದ್ದು ಕಂಪ್ಯೂಟರ್ ಕಲಿಸುವ ಇನ್‌ಸ್ಟಿಟ್ಯೂಟ್. ಟೈಪಿಂಗ್ ಕಲಿಸ್ತೀವಿ ಅಂತ ಬೋರ್ಡ್ ಬರೆಸಿದ್ದೆನೇ ಹೊರತು, ಸತ್ತ ಆಟಗಳಿಗೆ ಜೀವ ಕೊಡ್ತೀವಿ ಅಂತ ಎಲ್ಲೂ ಬರೆಸಿರಲಿಲ್ಲ. ಆದರೂ ಬರುತ್ತಿದ್ದರು. ಬೈದರೂ ಹೋಗುತ್ತಿರಲಿಲ್ಲ. ಕೊನೆಗೆ ಆ ಗ್ರಹಚಾರ ನಮ್ಮ ಮನೆಯೊಳಗೇ ಬಂದು ಕೂತಿತು.

೧. ಅಡಿಗೆಮನೆಗೆ ಬಂದ ಕಂಡಕ್ಟರ್

ನಮ್ಮ ಮಾವ ರಿಟೈರಾದ ಬಸ್ ಕಂಡಕ್ಟರ್. ಏಳು ವರ್ಷದಿಂದ ಅವರಿಗೆ ಒಂದೇ ಚಟ. ಚೆಂಡು ಹೊಡೆದು ಇಟ್ಟಿಗೆ ಒಡೆಯೋ ಹಳೇ ಕಾಲದ ಒಂದು ಆಟ. ಆಟ ಮುಗಿದಾಗ ಅದು ಮೂರಕ್ಷರದ ಹೆಸರು ಕೇಳುತ್ತೆ. ಮಾವ ಬಿ, ಯು, ಎಸ್ ಒತ್ತಿ "ಬಸ್" ಅಂತ ಹಾಕೋರು. ಸ್ಕೋರ್ ಪಟ್ಟಿಯಲ್ಲಿ ಎರಡರಿಂದ ಹತ್ತರವರೆಗೆ ಬರೀ ಬಸ್ಸೇ ಬಸ್ಸು. ಮೊದಲನೇ ಜಾಗದಲ್ಲಿ ಮಾತ್ರ ಎ, ಎ, ಎ.

"ಈ ತ್ರಿಬಲ್ ಎ ಯಾರಮ್ಮ? ನಾನು ಹತ್ರ ಬಂದಂಗೆಲ್ಲ ಅವನೂ ಮ್ಯಾಕೆ ಹೋಯ್ತಾನೆ" ಅನ್ನೋರು. ಆಟ ತಯಾರಿಸಿದವರೇ ಇಟ್ಟಿರೋ ಹೆಸರಿರಬೇಕು, ಮಾವನಿಗೆ ಹಳೇ ಸ್ಕೋರು ಮರೆತುಹೋಗಿರಬೇಕು ಅಂತ ನಾನು ಸುಮ್ಮನಾಗಿದ್ದೆ.

ಹಳೇ ಕಂಪ್ಯೂಟರ್ ಕೆಟ್ಟಿತು, ಹೊಸದು ಬಂತು. ಮಾವ ಭಾನುವಾರ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಕೂತರು. ಆಟ ತೆಗೆದರೆ ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. "ಏನಂತೈತೆ?" ಅಂದರು. "ಈ ಸಿಸ್ಟಂನಲ್ಲಿ ಇದು ಆಗಲ್ಲ, ಮುಚ್ಚಿ ಅಂತಿದೆ ಮಾವ" ಅಂದೆ.

"ನಮ್ಮ ಮನೇನಾಗೇ ಕೂತ್ಕೊಂಡು ನಂಗೇ ಮುಚ್ಕೊಂಡ್ ಹೋಗು ಅಂತೈತಾ!" ಅಂತ ಎದ್ದರು. ಎದ್ದವರು ಸೀದಾ ಅಡಿಗೆಮನೆಗೆ ಹೋದರು.

ಅಲ್ಲಿಂದ ಶುರುವಾಯಿತು ನಮ್ಮ ಅತ್ತೆಯ ಪಾಡು. ಅತ್ತೆ ಒಗ್ಗರಣೆಗೆ ಸಾಸಿವೆ ಹಾಕಿದರೆ "ಹೋಲ್ಡಾನ್!" ಮುದ್ದೆ ತಿರುವಿ ಇಳಿಸಿದರೆ "ರೈಟ್ ರೈಟ್!" ಕಡ್ಲೆಕಾಯಿ ಚಟ್ನಿಗೆ ಎಷ್ಟು ಮೆಣಸಿನಕಾಯಿ ಅನ್ನೋದಕ್ಕೂ ಅವರ ಪರ್ಮಿಷನ್ ಬೇಕು. ಮೂರನೇ ದಿನ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು.

"ನೋಡಮ್ಮ, ಆ ಆಟ ಓಡಂಗೆ ಮಾಡು. ಸೋಮವಾರದೊಳಗೆ ಆಗ್ನಿಲ್ಲ ಅಂದ್ರೆ ನಾನು ಕುಂದುರ್ಪಿಗೆ ಹೊರಟೋಯ್ತೀನಿ, ನಮ್ಮಣ್ಣನ ಮನೆಗೆ. ಆಮ್ಯಾಕೆ ಅಡಿಗೆ ನೀನೇ ಮಾಡು, ರೈಟು ಹೋಲ್ಡಾನು ನೀನೇ ಕೇಳುಸ್ಕೊ."

ನಾನು ಮಾಡಿದ ಸಾರು ಮಾವನ ಗಂಟಲಲ್ಲಿ ಇಳಿಯೋದೇ ಇಲ್ಲ, ಬರೀ ಹೋಲ್ಡಾನೇ.

೨. ಕೂಡಿಬರದ ಜಾತಕ

ಅದೇ ವಾರ ಹುಣಸೆಹಣ್ಣಿನ ಮಂಡಿ ಯಜಮಾನರೂ ಫೋನ್ ಮಾಡಿದರು. ಅವರದು ಇಸ್ಪೀಟಿನ ಹಳೇ ಆಟ, ರೋಗ ಮಾತ್ರ ಅದೇ. ಮೊದಲು ಇವರದು ಸರಿಮಾಡಿದರೆ ಮಾವನದಕ್ಕೂ ದಾರಿ ಸಿಗುತ್ತೆ ಅಂದುಕೊಂಡು ಫೋನಿನಲ್ಲೇ ಹೇಳಿಕೊಟ್ಟೆ.

"ಆಟದ ಮೇಲೆ ಮೌಸಿನ ಬಲಗುಂಡಿ ಒತ್ತಿ. ಪ್ರಾಪರ್ಟೀಸ್ ತೆಗೀರಿ. ಕಂಪ್ಯಾಟಿಬಿಲಿಟಿ ಅಂತಿರುತ್ತೆ."

"ಹಂಗಂದ್ರೆ?"

"ಹೊಂದಾಣಿಕೆ ಯಜಮಾನ್ರೆ. ಹಳೇದಕ್ಕೂ ಹೊಸದಕ್ಕೂ ಕೂಡಿಬರುತ್ತಾ ಅಂತ ನೋಡೋದು."

"ಏಂಟಮ್ಮಾ ಇದಿ, ಪೆಳ್ಳಿ ಸಂಬಂಧಮಾ?" ಅಂತ, ಇದೇನು ಮದುವೆ ಸಂಬಂಧವಾ ಅನ್ನೋ ಹಾಗೆ, ತೆಲುಗಿನಲ್ಲಿ ನಕ್ಕರು. "ಸರಿ ಬುಡು, ಇಲ್ಲಿ ತೊಂಬತ್ತೈದು ಅಂತೈತೆ. ಹುಟ್ಟಿದ ವರ್ಷನಾ? ತಿಂಗ್ಳು, ತಾರೀಕು ಕೇಳ್ಲೇ ಇಲ್ವಲ್ಲ?"

ಅದು ಹಳೇ ವಿಂಡೋಸಿನ ಹೆಸರು. ತೊಂಬತ್ತೈದು ಹಾಕಿಸಿದೆ, ಆಗಲಿಲ್ಲ. ತೊಂಬತ್ತೆಂಟು, ಆಗಲಿಲ್ಲ. ಎರಡು ಸಾವಿರ, ಅದೂ ಆಗಲಿಲ್ಲ. ನನಗೆ ರೇಗಿಹೋಯಿತು. ಆ ಕಡೆಯಿಂದ ಯಜಮಾನರೇ ಸಮಾಧಾನ ಹೇಳಿದರು:

"ಹೋಗ್ಲಿ ಬುಡಮ್ಮ, ಮೂರು ಸಂಬಂಧ ತಪ್ಪೋಯ್ತು ಅಂದ್ರೆ ಈ ಆಟಕ್ಕೆ ಕುಜದೋಷ ಇರ್ಬೇಕು. ನಮ್ಮ ಶಾಸ್ತ್ರಿಗಳನ್ನ ಕೇಳಿ ನಿಂಗೆ ಫೋನ್ ಮಾಡ್ತೀನಿ."

೩. ರೇಸಿನಲ್ಲಿ ಪ್ಯಾಸೆಂಜರ್

ಶನಿವಾರ ಕಲ್ಯಾಣದುರ್ಗದಲ್ಲಿ ನನ್ನ ಕ್ಲಾಸು. ಅಲ್ಲಿ ಒಬ್ಬ ಜೀಪ್ ಡ್ರೈವರ್ ಇದ್ದ, ಸೀಟಿಗಿಷ್ಟು ಅಂತ ಜನ ತುಂಬಿಕೊಂಡು ಹಳ್ಳಿಗಳಿಗೆ ಹೋಗೋನು. ಜೀಪು ತುಂಬೋವರೆಗೂ ನಮ್ಮ ಕ್ಲಾಸಿಗೆ ಬಂದು ಕಾರ್ ರೇಸಿನ ಒಂದು ಹಳೇ ಆಟ ಆಡ್ತಿದ್ದ. ಅಲ್ಲಿಗೂ ಹೊಸ ಕಂಪ್ಯೂಟರ್ ಬಂದಿತ್ತು. ಪುಣ್ಯಕ್ಕೆ ಆಟ ತೆರೆದುಕೊಂಡಿತು. ಆದರೆ ಹಳೇ ಆಟ, ಹೊಸ ಯಂತ್ರದ ವೇಗಕ್ಕೆ ಹುಚ್ಚು ಹಿಡಿದಂತೆ ಓಡಿತು. ಗುಂಡಿ ಮುಟ್ಟಿದರೆ ಕಾರು ಗೋಡೆಯಲ್ಲಿ.

"ಮೇಡಂ, ಹದಿನಾರು ಜನನ ತುಂಬ್ಕೊಂಡು ಓಡ್ಸೋನು ನಾನು. ನಂಗೇ ಇದು ಹಿಡಿತಕ್ಕೆ ಸಿಗ್ತಿಲ್ಲ. ಇದ್ಕೆ ಬ್ರೇಕ್ ಹಾಕ್ಸಿ!"

ಹುಡುಕಿದೆ. ಇಂಟರ್‌ನೆಟ್ಟಿನಲ್ಲಿ ಒಂದು ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ಹೊಸ ಕಂಪ್ಯೂಟರ್ ಒಳಗೇ ಒಂದು ಹಳೇ ಕಂಪ್ಯೂಟರ್ ಇದೆ ಅಂತ ಅದು ಆಟವನ್ನು ನಂಬಿಸುತ್ತೆ. ವೇಗ ಬೇಕಾದಷ್ಟು ಇಳಿಸಲೂಬಹುದು. ಕಾರು ಹದಕ್ಕೆ ಬಂತು. ಅವನೂ ಖುಷಿಯಾಗಿ ಓಡಿಸಿದ. ಆದರೂ ರೇಸಿನಲ್ಲಿ ಕೊನೆಗೆ ಬಂದ! ಮತ್ತೆ ಆಡಿದ, ಮತ್ತೆ ಕೊನೆ. ಪಕ್ಕದಲ್ಲಿ ನಿಂತು ನೋಡಿದೆ. ರಸ್ತೆ ಪಕ್ಕ ಜನರ ಚಿತ್ರ ಕಂಡಲ್ಲೆಲ್ಲ ಕಾರು ನಿಲ್ಲಿಸುತ್ತಿದ್ದ.

"ಯಾಕಪ್ಪಾ ನಿಲ್ಲಿಸ್ತೀಯ?" ಅಂದೆ.

"ಅಯ್ಯೋ, ಜನ ನಿಂತವ್ರಲ್ಲ ಮೇಡಂ! ಹತ್ತುಸ್ಕಳ್ದೆ ಹೆಂಗ್ ಹೋಗ್ಲಿ?"

೪. ತ್ರಿಬಲ್ ಎ

ಅದೇ ಸಾಫ್ಟ್‌ವೇರನ್ನು ಸೀಡಿಗೆ ಹಾಕಿಕೊಂಡು ಹಿಂದೂಪುರಕ್ಕೆ ಬಂದೆ. ಬಾಗಿಲ ಹತ್ತಿರ ಅತ್ತೆಯ ಬ್ಯಾಗು ರೆಡಿಯಾಗಿತ್ತು. ಭಾನುವಾರ ಬೆಳಿಗ್ಗೆ ಆಟ ಓಡಿತು. ಇಟ್ಟಿಗೆ ಬಂತು, ಚೆಂಡು ಬಂತು. ನಾನು ಬೀಗಿದೆ. ಮಾವ ಖಾಲಿ ಸ್ಕೋರ್ ಪಟ್ಟಿ ನೋಡಿ ಮುಖ ತಿರುಗಿಸಿದರು.

"ತ್ರಿಬಲ್ ಎ ಎಲ್ಲಿ? ಅವನಿಲ್ದೆ ನಾನು ಆಡಾಕಿಲ್ಲ. ಖಾಲಿ ಬಸ್ನಾಗೆ ಒಬ್ನೇ ನಿಂತು ರೈಟ್ ರೈಟ್ ಅನ್ನಾದಾ?"

ಅಡಿಗೆಮನೆಯಿಂದ ಅತ್ತೆಯೂ ಕೂಗಿದರು, "ತಂದಾಕಮ್ಮ, ಪಾಪ! ಅಷ್ಟು ಕಷ್ಟಪಟ್ಟು ಮಾಡಿರೋ ಸ್ಕೋರು!"

ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಸ್ಕೋರಿನ ಫೈಲನ್ನೂ ತಂದು ಹಾಕಿದೆ. ಮಾವ ಕುರ್ಚಿಗೆ, ಅತ್ತೆ ಅಡಿಗೆಗೆ, ಬ್ಯಾಗು ಅಟ್ಟಕ್ಕೆ. ಅತ್ತೆ ಮೊದಲಿನಂತೆ ದಿನಾ ಸಾಯಂಕಾಲ ಕಂಪ್ಯೂಟರ್ ಧೂಳು ಒರೆಸೋದಕ್ಕೂ ಶುರುಮಾಡಿದರು. ಮಾವ ಬಸ್ಸುಗಳು ಟೈಮಿಗೆ ಬರ್ತಾವಾ ನೋಡೋಕೆ ಬಸ್ ಸ್ಟ್ಯಾಂಡಿಗೆ ಹೋದಾಗ, ಪೂರಾ ಒಂದು ಗಂಟೆ ಒರೆಸೋರು. ನಮ್ಮಷ್ಟು ಚೊಕ್ಕಟವಾದ ಕಂಪ್ಯೂಟರ್ ಊರಲ್ಲೇ ಇರಲಿಲ್ಲ.

ಗುರುವಾರ ಮಧ್ಯಾಹ್ನ ಮಾವ ತ್ರಿಬಲ್ ಎಯನ್ನು ಸೋಲಿಸಿಯೇಬಿಟ್ಟರು! ಏಳು ವರ್ಷದ ಹಗೆ. ಪಟ್ಟಿಯ ತುದಿಯಲ್ಲಿ ಬಸ್. ಮಾವನ ಕಣ್ಣಲ್ಲಿ ನೀರು ಬಂತು, ನನಗೂ ಖುಷಿಯಾಯಿತು. ಚಪ್ಪಲಿ ಮೆಟ್ಟಿಕೊಂಡು ಸುದ್ದಿ ಹೇಳಲು ಬಸ್ ಸ್ಟ್ಯಾಂಡಿಗೆ ಓಡಿದರು. ನಾನು ಕ್ಲಾಸಿಗೆ ಹೋದೆ.

ಆರು ಗಂಟೆಗೆ ಮನೆಗೆ ಬಂದರೆ ಮಾವ ಪರದೆ ಮುಂದೆ ಕಲ್ಲಾಗಿ ಕೂತಿದ್ದರು. ಮೊದಲನೇ ಜಾಗದಲ್ಲಿ ಮತ್ತೆ ಎ, ಎ, ಎ.

"ನಿನ್ ಸಾಫ್ಟ್‌ವೇರ್ ಮೋಸ ಕಣಮ್ಮ!"

ನನ್ನ ಸಾಫ್ಟ್‌ವೇರಿಗೆ ಮೋಸ ಅಂದರೆ ಬಿಡ್ತೀನಾ? ಫೈಲ್ ತೆಗೆದು ನೋಡಿದೆ. ಕೊನೇ ಸಲ ಬದಲಾದದ್ದು ಅವತ್ತೇ, ನಾಲ್ಕೂಮುಕ್ಕಾಲಿಗೆ. ನನ್ನ ಗಂಡ ಸೀರೆ ಅಂಗಡಿಯಲ್ಲಿ, ನಾನು ಕ್ಲಾಸಿನಲ್ಲಿ, ಮಾವ ಬಸ್ ಸ್ಟ್ಯಾಂಡಿನಲ್ಲಿ. ಕೀಬೋರ್ಡ್ ನೋಡಿದರೆ ಎಂಟರ್ ಗುಂಡಿಯ ಮೇಲೆ ರಾಗಿಹಿಟ್ಟು. ಇಬ್ಬರೂ ಮೆಲ್ಲಗೆ ಅಡಿಗೆಮನೆ ಕಡೆ ತಿರುಗಿದೆವು.

ಅತ್ತೆ ಮುದ್ದೆಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಇನ್ನೇನ್ ಮಾಡ್ಲಿ? ಆಟ ಮುಗಿದ್ ಮ್ಯಾಲೆ ಅದು ಹೆಸ್ರು ಕೇಳ್ತೈತೆ. ನಂಗೆ ಇಂಗ್ಲೀಷ್ ಬರಾಕಿಲ್ಲ. ದೊಡ್ಡ ಗುಂಡಿ ಒತ್ತುದ್ರೆ ಅದೇ ಮೂರಕ್ಷರ ಹಾಕ್ಕೊಂಡು ಹೋಗ್ಬುಡ್ತದೆ."

ಕುಂದುರ್ಪಿ, ಬ್ಯಾಗು, ಸೋಮವಾರದ ಗಡುವು, ಎಲ್ಲ ಯಾರ ಆಟಕ್ಕಾಗಿ ಅಂತ ನನಗೆ ಆಗ ಹೊಳೆಯಿತು. ಮಾವ ಹೆಂಡತಿಯನ್ನು ನೋಡಿದರು, ಪರದೆ ನೋಡಿದರು, ಮತ್ತೆ ಹೆಂಡತಿಯನ್ನು ನೋಡಿದರು. ಆಮೇಲೆ ಹಳೇ ಡ್ಯೂಟಿಯ ಗಂಟಲು ಎತ್ತಿದರು:

"ಏಳು ವರ್ಷದಿಂದ ಟಿಕೆಟ್ ಇಲ್ದೆ ನನ್ ಬಸ್ನಾಗೆ ಮುಂದಿನ ಸೀಟ್ನಾಗೆ ಕೂತಿದ್ಯೇನೇ? ಏಳೇ ಮ್ಯಾಕೆ!"

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು.

"ಅದು ಲೇಡೀಸ್ ಸೀಟು ಕಣ್ರೀ. ನಾನು ಏಳಾಕಿಲ್ಲ."